ಇಂಜಿನ್ ಗಜೇಂದ್ರಗಡದಾಗ, ಬಾಡಿ ನರಗುಂದದಾಗ

ನಮ್ಮ ದೊಡ್ಡ ಮಾಮಾನಂಥಾ ಶ್ಯಾಣ್ಯಾ ಮಂದಿ ರೋಣದಾಗ ಇನ್ನೊಬ್ಬರು ಸಿಗಂಗಿಲ್ಲ ಬಿಡ್ರಿ! ಊರ ಮಂದಿ ಕಾರ್ ತಗೋತಾರ, ಆಮ್ಯಾಲೆ ಪೆಟ್ರೋಲ್ ರೇಟ್ ನೋಡಿ ಹಣಿ ಬಡಕೋತಾರ. ಮಾಮಾ ಪೆಟ್ರೋಲಿನ ತಂಟೇನ ಇರಲಾರದಂಥಾ ಕಾರ್ ತಗೊಂಡ್ರು. ಕರೆಂಟ್ ಮ್ಯಾಲೆ ಓಡೂ ಕಾರ್ ಅಂತ ತಿಳಕೊಂಡ್ರೇನು? ಅಲ್ರಿ. ಇಂಜಿನ್ನ ಇಲ್ಲದ ಕಾರು!

ನಾ ಅವರ ತಂಗಿ ಮಗಳು, ಇಲ್ಲೇ ರೋಣದಾಗ ಸಾಲಿ ಟೀಚರ್. ಮಾಮಾನ ಮನಿ ನಮ್ಮ ಓಣ್ಯಾಗ ಇರೂದ್ರಿಂದ ಅಲ್ಲೆ ಏನ ಗದ್ಲ ಆದ್ರೂ ಮೊದಲ ಓಡಿ ಹೋಗಾಕಿ ನಾನ. ಅವತ್ತು ಅತ್ತಿ ಫೋನ್ ಮಾಡಿ, "ಲಗೂ ಬಾರವಾ, ನಿಮ್ಮ ಮಾಮಾ ನರಗುಂದದಿಂದ ಏನೋ ತಂದಾರ, ಅದರಾಗ ಕೋಳಿ ಕೂಗಾಕತ್ತೈತಿ" ಅಂದ್ರು. ನನಗ ತಲೀ ಬುಡ ತಿಳೀಲಿಲ್ಲ. ಓಡಿ ಹೋಗಿ ನೋಡ್ತೀನಿ, ಮನಿ ಮುಂದ ಟ್ರ್ಯಾಕ್ಟರ್ ನಿಂತೈತಿ. ಅದರ ಹಿಂದ ಹಗ್ಗ ಕಟ್ಟಿದ ಒಂದು ಹಳೇ ಫಿಯೆಟ್ ಕಾರು. ಬಣ್ಣ ಯಾವುದು, ತುಕ್ಕು ಯಾವುದು ಗೊತ್ತಾಗವಲ್ದು. ಒಳಗ ಸ್ಟೇರಿಂಗ್ ಹಿಡಕೊಂಡು, ಬಿಳೀ ಟೊಪಗಿ ಹಾಕ್ಕೊಂಡು, ಒಂದು ಕೈ ಕಿಡಕಿ ಹೊರಗ ಹಾಕಿ ನಮ್ಮ ಮಾಮಾ ಠೀವಿಲೆ ಕುಂತಾರ!

ನರಗುಂದದಿಂದ ರೋಣದ ಮಟ ಹಿಂಗ ಕುಂತ ಬಂದ್ರಂತ. ಹಾದ್ಯಾಗ ಆಡಿನ ಹಿಂಡು ಅಡ್ಡ ಬಂತಂತ. ಬ್ಯಾಟ್ರಿ ಇಲ್ಲ, ಹಾರ್ನ್ ಹೊಡಿಯಂಗಿಲ್ಲ. ಮಾಮಾ ಕಿಡಕ್ಯಾಗಿಂದ ಮಾರಿ ಹೊರಗ ಹಾಕಿ ತಾವ ಬಾಯಿಲೆ "ಪೀಂ ಪೀಂ" ಅಂದ್ರಂತ.

"ಆಡು ಸರದ್ವೇನ್ರಿ ಮಾಮಾ?"

"ಆಡು ಎಲ್ಲಿ ಸರೀತಾವು? ಆಡು ಕಾಯಾಂವ ನಗಕೋತ ರಸ್ತೇದಾಗ ಕುಂತಬಿಟ್ಟ."

ಕೋಳಿ ಕಥಿ ಏನಂದ್ರ, ಆ ಗಾಡಿ ಇಷ್ಟು ವರ್ಷ ನರಗುಂದದ ಒಬ್ಬ ಹತ್ತಿ ವ್ಯಾಪಾರಿ ಗೋದಾಮಿನ ಹಿಂದ ಬಿದ್ದಿತ್ತು. ಅಲ್ಲಿನ ವಾಚ್‌ಮನ್ ಸಾಕಿದ ಕೋಳಿ ಹಿಂದಿನ ಸೀಟಿನ ಮ್ಯಾಲೆ ಸಂಸಾರ ಹೂಡಿತ್ತು. ಯಾರೂ ನೋಡಲಿಲ್ಲ, ಅದೂ ಇಳೀಲಿಲ್ಲ, ತತ್ತಿ ಸಮೇತ ರೋಣಕ್ಕ ಬಂತು! ನಮ್ಮ ಮನಿತನದಾಗ ತತ್ತಿ ಅನ್ನೂ ಮಾತ ಬಾಯಾಗ ಬರಂಗಿಲ್ಲ. ಅತ್ತಿ ಮೂಗಿಗೆ ಸೆರಗ ಹಿಡಕೊಂಡು ನಿಂತಿದ್ರು. ಮಾಮಾ ಮಾತ್ರ ಖುಷಿಲೆ, "ಇಂಜಿನ್ ಇಲ್ಲ, ಇಂಜಿನ್ ಇಲ್ಲ ಅಂತೀರಿ. ಜೀವ ಇದ್ದದ್ದು ಏನಾರ ಒಂದು ಐತೆಲ್ಲ ಗಾಡ್ಯಾಗ!" ಅಂದ್ರು. ಮರುದಿನ ಆ ವಾಚ್‌ಮನ್ ಬಸ್ಸಿಗೆ ಬಂದು ತನ್ನ ಕೋಳಿ ಬಗಲಾಗ ಹಿಡಕೊಂಡು ಹೋದ.

ಇದನ್ನ ಯಾಕ ತಂದ್ರಿ ಅಂತ ನಾ ಕೇಳಿದ್ರ, "ಹಳೇ ಗಾಡಿಗೆ ಈಗ ಭಾಳ ಕಿಮ್ಮತ್ ಬಂದೈತವಾ, ಹೊಸಾದು ಮಾಡಿ ಇಡ್ತಾರ ಮಂದಿ" ಅಂದ್ರು. ಅತ್ತಿ ಕೇಳಿದ್ರ, "ನಿನ್ನ ಇಟಗಿ ಭೀಮಮ್ಮನ ಗುಡಿಗೆ ಕರಕೊಂಡ ಹೋಗಾಕ" ಅಂದ್ರು. ಬಾಜೂ ಮನಿಯವರು ಕೇಳಿದ್ರ, "ನಾಯಿಗೆ ನೆಳ್ಳಾತು" ಅಂದ್ರು. ಅವರ ಮನ್ಯಾಗ ನಾಯೀನ ಇಲ್ರಿ! ನೋಡಾಕ ಬಂದಾವರು ಬಾನೆಟ್ ಎತ್ತಿ, ಒಳಗ ನೆಲ ಕಂಡು, "ಇಂಜಿನ್ ಎಲ್ಲೈತ್ರಿ?" ಅಂತ ಕೇಳಾವರು.

"ಗಜೇಂದ್ರಗಡದಾಗ."

"ಮತ್ತ ಗಾಡಿ ಇಲ್ಲೈತೆಲ್ರಿ?"

"ಹೌದು, ಗಾಡಿ ಇಲ್ಲೈತಿ" ಅಂತ ಮಾಮಾ ಭಾಳ ಶಾಂತ ಹೇಳಾವರು. ಕೇಳಿದಾವರು ತಲೀ ಕೆರಕೋತ ಹೋಗಾವರು.

ಇಲ್ಲೆ ನಮ್ಮ ಮನಿತನದ ಮರ್ಯಾದಿ ಸ್ವಲ್ಪ ಕಳೀಬೇಕಾಗ್ತೈತಿ, ಹೊಟ್ಟ್ಯಾಗ ಹಾಕ್ಕೋರಿ. ಆ ಕಾರು ನಮ್ಮ ಅಜ್ಜಂದು, ಅಂದ್ರ ಅವ್ವನ ಅಪ್ಪಂದು. ಅಜ್ಜ ತೀರಿಕೊಂಡ ಮ್ಯಾಲೆ ದೊಡ್ಡ ಮಾಮಾ, ಸಣ್ಣ ಮಾಮಾ ವಾಟ್ನಿ ಮಾಡಕೊಂಡ್ರು. ಪುರ್ತಗೇರಿ ಹೊಲ ಎರಡಾತು, ಹಂಡೆ ಕೊಡ ಎರಡಾದ್ವು, ಕಡೀಕ ಉಳದದ್ದು ಕಾರು. ಅಪ್ಪನ ಗಾಡಿ ನನಗ ಬೇಕು ಅಂತ ಇವರು, ನನಗ ಬೇಕು ಅಂತ ಅವರು. ಮಾರಿ ರೊಕ್ಕ ಹಂಚ್ಕೋರಿ ಅಂದ್ರ, ಅಪ್ಪನ ಗಾಡಿ ಮಾರ್ತಾರೇನು ಅಂತ ಇಬ್ರೂ ಕೂಡೇ ಒದರಿದ್ರಂತ. ಅದೊಂದು ಮಾತಿನಾಗ ಮಾತ್ರ ಅವತ್ತು ಇಬ್ಬರದೂ ಒಮ್ಮತ! ಹಿರ್ಯಾರು ಮುಂಜಾನಿಂದ ಕುಂತು ಚಾ ಕುಡದು ಕುಡದು ಸಾಕಾಗಿ, ಅವರಾಗ ಒಬ್ಬರು, "ಹಂಗಾರ ಅದನ್ನೂ ಎರಡು ಪಾಲ ಮಾಡ್ರಿ!" ಅಂತ ಸಿಟ್ಟಿಲೆ ಅಂದ್ರು. ಸಿಟ್ಟಿಲೆ ಅಂದದ್ದು ಅಂತ ಇಬ್ರಿಗೂ ತಿಳೀಲಿಲ್ಲ.

ಮಾಡೇಬಿಟ್ರು! ಸಣ್ಣ ಮಾಮಾಗ ಮೊದಲಿಂದ ಇಂಜಿನ್ ಬಿಚ್ಚೂದು, ಕೂಡಸೂದು ಅಂದ್ರ ಜೀವ. ಇಂಜಿನ್ ಅವರ ಪಾಲಿಗೆ ಬಂತು. ಗಾಲಿ, ಸೀಟು, ಸ್ಟೇರಿಂಗ್ ಎಲ್ಲಾ ಸೇರಿ ಬಾಡಿ ದೊಡ್ಡ ಮಾಮಾನ ಪಾಲಿಗೆ. ಸಣ್ಣ ಮಾಮಾ ಇಂಜಿನ್ ತಗೊಂಡು ಗಜೇಂದ್ರಗಡಕ್ಕ ಹೋಗಿ ಬಟ್ಟಿ ಅಂಗಡಿ ಹಾಕಿದ್ರು. ದೊಡ್ಡ ಮಾಮಾ ಆ ಸಿಟ್ಟಿಗೆ ಬಾಡಿ ನರಗುಂದಕ್ಕ ಮಾರಿಬಿಟ್ರು. ಅವತ್ತಿನಿಂದ ಮಾತಿಲ್ಲ, ಕಥಿ ಇಲ್ಲ. ಲಗ್ನದಾಗ ಒಬ್ರು ಊಟಕ್ಕ ಕುಂತ್ರ ಇನ್ನೊಬ್ರು ಕೈ ತೊಳಕೋತಿದ್ರು. ನಮ್ಮವ್ವ ಇಬ್ಬರ ನಡುವ ಹುಟ್ಟಿದಾಕಿ. "ನಾ ಕಣ್ಣ ಮುಚ್ಚೂದ್ರಾಗ ನಮ್ಮ ಅಣ್ಣ ತಮ್ಮ ಒಬ್ರಿಗೊಬ್ರು ಒಂದ ಮಾತಾಡ್ಲಿ ಸಾಕು" ಅನ್ನೂದ ಅಕಿ ದಿನಾ ಮಾಡೂ ಜಪ.

ಈಗ ಇಷ್ಟು ವರ್ಷದ ಮ್ಯಾಲೆ ಮಾಮಾ ಬಾಡಿ ವಾಪಸ್ ತಂದು ನನ್ನ ಕರದು, "ನೀ ಗಜೇಂದ್ರಗಡಕ್ಕ ಹೋಗಿ, ಆ ಅಂಗಡ್ಯಾಗ ಹಳೇ ಇಂಜಿನ್ ಕೊಡ್ತಾರೇನು ಕೇಳ್ಕೊಂಡ ಬಾ. ನನ್ನ ಹೆಸರ ಹೇಳಬ್ಯಾಡ" ಅಂದ್ರು.

"ಬಟ್ಟಿ ಅಂಗಡ್ಯಾಗ ಹೋಗಿ ಇಂಜಿನ್ ಕೇಳಿದ್ರ ನನ್ನ ಧಾರವಾಡದ ಹುಚ್ಚರ ದವಾಖಾನಿಗೆ ಕಳಸ್ತಾರ್ರಿ ಮಾಮಾ!"

ಹೋದೆ. ಸಣ್ಣ ಮಾಮಾ ಗಿರಾಕಿಗೆ ಬಟ್ಟಿ ಅಳದು ಕತ್ತರಸಾಕತ್ತಿದ್ರು. ನಾ ಮೆಲ್ಲಕ, "ಮಾಮಾ, ಒಬ್ಬರಿಗೆ ಹಳೇ ಇಂಜಿನ್ ಬೇಕಾಗೈತಂತ್ರಿ" ಅಂದೆ.

"ಯಾರಿಗೆ?"

"ಅದಾರ್ರಿ ಒಬ್ರು."

"ಟೊಪಗಿ ಹಾಕ್ತಾರೇನು?"

"ಹಾಕ್ತಾರ್ರಿ."

ಕತ್ರಿ ಅಡ್ಡಾದಿಡ್ಡಿ ಹೋತು. ಆ ಗಿರಾಕಿಗೆ ಅರ್ಧಾ ಮೀಟರ್ ಪುಕ್ಕಟ ಸಿಕ್ತು. ಸ್ವಲ್ಪ ಹೊತ್ತು ಬಿಟ್ಟು ಸಣ್ಣ ಮಾಮಾ, "ಇಂಜಿನ್ ಮಾರೂದಿಲ್ಲ. ಬೇಕಂದ್ರ ನಾನ ತಂದು ಕೂಡಸ್ತೀನಿ. ಮಂಗಳವಾರ ಅಂಗಡಿ ಬಂದ್ ಇರ್ತೈತಿ. ಆದ್ರ ಆ ಮನಷ್ಯಾನ ಜೋಡಿ ನಾ ಮಾತಾಡಂಗಿಲ್ಲ, ಹೇಳಿಬಿಡು" ಅಂದ್ರು. ಬಂದು ಹೇಳಿದ್ರ ದೊಡ್ಡ ಮಾಮಾ, "ನಾನೇನು ಮಾತಾಡ್ತೀನಿ ಅಂದೀನೇನು? ಬರ್ಲಿ!" ಅಂದು, ಅತ್ತಿಗೆ ಕೂಗಿ, "ಮಂಗಳವಾರ ಜ್ವಾಳದ ರೊಟ್ಟಿ ಜೋಡಿ ಎಣಗಾಯಿ ಮಾಡು" ಅಂತ ಹೇಳಿದ್ರು. ಎಣಗಾಯಿ ಯಾರಿಗೆ ಸೇರ್ತೈತಿ ಅನ್ನೂದು ನಮಗೆಲ್ಲಾ ಗೊತ್ತು, ದೊಡ್ಡ ಮಾಮಾಗಂತೂ ಸೇರಂಗಿಲ್ಲ.

ಮಂಗಳವಾರ ಗೂಡ್ಸ್ ಆಟೋದಾಗ ಇಂಜಿನ್ ಬಂತು. ಕಂಬಳಿ ಸರಿಸಿ ನೋಡಿದ್ರ ಫಳಫಳ ಹೊಳೀತಿತ್ತು. ಕೂಡಸಾಕ ರೋಣದ ಗ್ಯಾರೇಜ್ ಮಿಸ್ತ್ರೀನ ಕರಸಿದ್ರು. ಆದ್ರ ಮಾತಿನ ಮಿಸ್ತ್ರಿ ಮಾತ್ರ ನಾನ ಆದೆ! ಪ್ರತಿ ಮಂಗಳವಾರ ಸಾಲಿ ಬಿಟ್ಟ ಕೂಡ್ಲೆ ಓಡಬೇಕು. ನಾ ಬರೂ ಮಟ ಇಬ್ರೂ ಬಾಯಿ ಮುಚ್ಚಿಕೊಂಡು ಆ ಕಡಿ ಒಬ್ರು, ಈ ಕಡಿ ಒಬ್ರು.

"ಅವರಿಗೆ ಹೇಳವಾ, ನಟ್ ಬಿಚ್ಚೂ ಆ ಪಾನಾ ಕೊಡಂತ."

"ಮಾಮಾ, ಪಾನಾ ಕೊಡಬೇಕಂತ್ರಿ."

"ಯಾವ ಪಾನಾ ಅಂತ ಕೇಳು."

"ಯಾವ ಪಾನಾ ಅಂತ್ರಿ?"

ಇಬ್ಬರ ನಡುವ ಬರೇ ಒಂದು ಬಾನೆಟ್ಟಿನಷ್ಟು ಜಾಗಾ! ಒಮ್ಮೆ ನಾ ನೀರ ಕುಡದು ಬರ್ತೀನಿ ಅಂತ ಒಳಗ ಹೋಗಿ, ಅತ್ತಿ ಜೋಡಿ ಮಾತಾಡ್ಕೋತ ಮರತಬಿಟ್ಟೆ. ಹೊರಗ ಬಂದು ನೋಡ್ತೀನಿ, ದೊಡ್ಡ ಮಾಮಾ ಪಾನಾ ಚಾಚಿ ಹಿಡದಾರ, ಸಣ್ಣ ಮಾಮಾ ಕೈ ಒಡ್ಡಿ ನಿಂತಾರ, ಇಬ್ರೂ ಹಂಗ ಕಲ್ಲಾಗಿ ನನ್ನ ಹಾದಿ ಕಾಯಾಕತ್ತಾರ. ಕೆಳಗ ಮಲಗಿದ ಮಿಸ್ತ್ರಿ, "ಟೀಚರ್ರ, ಪುಣ್ಯಾ ಬರ್ತೈತಿ, ತಗೋ ಅನ್ರಿ! ನನ್ನ ಕೈ ಸೋತುವು" ಅಂದ.

ಇಂಜಿನ್ ಕುಂತಿತು. ವೈರ್ ಹಾಕಿದ್ರು, ಬ್ಯಾಟ್ರಿ ಬಂತು, ಬಣ್ಣಾನೂ ಆತು. ಸಣ್ಣ ಮಾಮಾ ಬಂದ ಮ್ಯಾಲೇನ ಕೀಲಿ ತಿರವೂದು ಅಂತ ಮಾತಾಗಿತ್ತು. ಮಂಗಳವಾರ ತಿರವಿದ್ರ ಗಾಡಿ ಚಾಲೂ ಆಗವಲ್ದು! ಸಣ್ಣ ಮಾಮಾ ಬಾನೆಟ್ಟಿನಾಗ ತಲಿ ಹಾಕಿ, "ಪ್ಲಗ್ ಹೋಗ್ಯಾವು, ಬರೂ ವಾರ ತರ್ತೀನಿ" ಅಂದ್ರು. ತಂದು ಹಾಕಿದ್ರು, ಆಗವಲ್ದು. "ಕಾಯಿಲ್ ಕೆಟ್ಟೈತಿ" ಅಂದ್ರು. ಅದನ್ನೂ ಹಾಕಿದ್ರು, ಆಗವಲ್ದು. ಮಿಸ್ತ್ರಿಗೆ ತಲಿ ಕೆಡ್ತು. "ಸೋಮವಾರ ಎಲ್ಲಾ ಬರೋಬರಿ ಇರ್ತೈತ್ರಿ, ಮಂಗಳವಾರ ಏನ ಆಗ್ತೈತೋ! ಇದು ನನ್ನ ಕೆಲಸ ಅಲ್ಲ, ಅಂತ್ರ ಮಂತ್ರದ್ದು" ಅಂದು ಲಿಂಬಿಹಣ್ಣು ಮೆಣಸಿನಕಾಯಿ ಕಟ್ಟಿದ. ಅದಕ್ಕೂ ಬಗ್ಗಲಿಲ್ಲ. ನನಗಂತೂ ಏನ ನಡದೈತಿ ಅನ್ನೂದ ತಿಳೀವಲ್ದು.

ಕಡೀಕ ಅತ್ತಿ ಸಿಡದ ಎದ್ರು. "ಬಸ್ಸಿಗೆ ಹೋಗಿದ್ರ ಇಷ್ಟೊತ್ತಿಗೆ ನಾಕ ಸಲ ಇಟಗಿಗೆ ಹೋಗಿ ಬರ್ತಿದ್ದೆ. ಅಂಗಳದಾಗ ಮೆಣಸಿನಕಾಯಿ ಹಾಕಾಕ ಜಾಗಾ ಇಲ್ಲ. ಈ ಮಂಗಳವಾರ ಚಾಲೂ ಆಗಲಿಲ್ಲಂದ್ರ ಗುಜರಿಯವನ್ನ ಕರೀತೀನಿ, ಖರೇನ ಹೇಳ್ತೀನಿ!" ಅತ್ತಿ ಅಂದ್ರ ಮಾಡಾವರು. ನಮ್ಮವ್ವ ಅಂತೂ ಅಳಾಕ ಕುಂತ್ಲು. ಗಾಡಿ ಓಡಿ, ಅಣ್ಣ ತಮ್ಮ ಅದರಾಗ ಕೂಡೇ ಕುಂತು ಇಟಗಿಗೆ ಹೋಗ್ತಾರ, ಹಾದ್ಯಾಗ ಒಂದ ಮಾತಾರ ಆಡ್ತಾರ ಅಂತ ಅಕಿ ಲೆಕ್ಕಾ. ನನಗೂ ಅದ ಆಸೆ. ಅದಕ್ಕ ಆ ಮಂಗಳವಾರ ಸಾಲಿ ಸೂಟಿ ಇದ್ದದ್ದು ಚಲೋ ಆತು ಅಂತ ಮಿಸ್ತ್ರೀನ ಕರಕೊಂಡು ಒಮ್ಮೆ ತಪಾಸ ಮಾಡೂಣು ಅಂತ ಮುಂಜಾನೇನ ಹೋದೆ. ಮಿಸ್ತ್ರಿ ಹಿಂದಿಂದ ಬರಾಕತ್ತಿದ್ದ.

ಅಂಗಳದಾಗ ದೊಡ್ಡ ಮಾಮಾ ಒಬ್ರ, ಬಾನೆಟ್ ಎತ್ತಿಕೊಂಡು ನಿಂತಾರ. ಸ್ವಂತ ರಿಪೇರಿ ಮಾಡಾಕತ್ತಾರಲ್ಲಪಾ ಅಂತ ಖುಷಿ ಆತು. ಹಂತೇಕ ಹೋಗಿ ನೋಡಿದ್ರ, ಕರೀ ಮುಚ್ಚಳ ತಗದು, ಅದರ ಕೆಳಗಿಂದ ಹೆಬ್ಬಟ್ಟಿನಷ್ಟು ಒಂದು ಸಾಮಾನು ಕಿತ್ತು ಅಂಗಿ ಕಿಸೇದಾಗ ಇಟ್ಕೊಂಡ್ರು. ಅದಕ್ಕ ರೋಟರ್ ಅಂತಾರ, ಅದಿಲ್ಲಂದ್ರ ಇಂಜಿನ್ನಿಗೆ ಕಿಡೀನ ಬರಂಗಿಲ್ಲ. ಇಷ್ಟು ಮಂಗಳವಾರ ನಿಂತು ನಿಂತು ಅಷ್ಟು ವಿದ್ಯಾ ನನಗೂ ಬಂದಿತ್ತು.

"ಮಾಮಾ! ನೀವಾ?"

ಸಣ್ಣ ಹುಡುಗರಂಗ ಕಿಸೆ ಮುಚ್ಚಿಕೊಂಡ್ರು. ನನಗ ತಡಕೊಳ್ಳಾಕ ಆಗದಷ್ಟು ಸಿಟ್ಟು ಬಂತು. "ಅಲ್ರಿ, ವಾರಾ ವಾರಾ ನಾ ಸಾಲಿಯಿಂದ ಉಸಿರಗಟ್ಟಿ ಓಡಿ ಬರ್ತೀನಿ, ಆ ಮಿಸ್ತ್ರಿಗೆ ಹುಚ್ಚ ಹಿಡ್ಯಾಕತ್ತೈತಿ, ಅತ್ತಿ ಗಾಡಿ ಗುಜರಿಗೆ ಹಾಕ್ತಾರ, ನೀವು ಮಾಡೂದು ಇದಾ? ಯಾಕ್ರಿ ಮಾಮಾ?"

ಮಾಮಾ ನೆಲ ನೋಡ್ಕೋತ ಅಂದ್ರು: "ಗಾಡಿ ಚಾಲೂ ಆತು ಅಂದ್ರ, ಆಂವ ಮತ್ತ ಯಾಕ ಬರ್ತಾನವಾ?"

ಅಷ್ಟ್ರಾಗ ಮಿಸ್ತ್ರಿ ಒಳಗ ಬಂದು, "ಏನಾರ ಸಿಕ್ತೇನ್ರಿ ಟೀಚರ್ರ?" ಅಂದ. "ಏನೂ ಸಿಗಲಿಲ್ಲಪಾ" ಅಂದುಬಿಟ್ಟೆ.

ಮಧ್ಯಾಹ್ನ ಸಣ್ಣ ಮಾಮಾ ಬಂದ್ರು. ಅತ್ತಿ ಕೈಯಾಗ ಫೋನ್ ಹಿಡಕೊಂಡು ಕಟ್ಟಿ ಮ್ಯಾಲೆ ನಿಂತಿದ್ರು. ಕೀಲಿ ತಿರವಿದ್ರು. ಆಗಲಿಲ್ಲ. ಸಣ್ಣ ಮಾಮಾ ಬಾನೆಟ್ ಎತ್ತಿ, ಕರೀ ಮುಚ್ಚಳ ತಗದ್ರು. ಖಾಲಿ ಜಾಗಾ ನೋಡಿದ್ರು. ಇಂಜಿನ್ ಬಿಚ್ಚಿ ಕೂಡಸೂದ್ರಾಗ ಬೆಳದ ಮನಷ್ಯಾರಿಗೆ ಅಲ್ಲೇನಿಲ್ಲ ಅಂತ ತಿಳ್ಯಾಕ ಎಷ್ಟೊತ್ತು? ಆದ್ರ ಅವರ ಮಾರಿ ಮ್ಯಾಲೆ ಆಶ್ಚರ್ಯನ ಕಾಣಲಿಲ್ಲ. ಮುಚ್ಚಳ ಹಂಗ ಇಟ್ಟು, ಕ್ಲಿಪ್ ಒತ್ತಿ, ಸಪ್ಪಳ ಆಗದಂಗ ಬಾನೆಟ್ ಇಳಸಿದ್ರು. ಹಂಗಾರ ಹೋದ ವಾರ ಕಾಯಿಲ್ ಕೆಟ್ಟೈತಿ ಅಂದದ್ದು? ಅದರ ಹಿಂದಿನ ವಾರ ಪ್ಲಗ್ ಹೋಗ್ಯಾವು ಅಂದದ್ದು? ಎಲ್ಲಾ ಗೊತ್ತಿದ್ದ ಅಂದಾರ! ನನಗ ಅಳು ತಡಕೊಳ್ಳಾಕ ಆಗಲಿಲ್ಲ, ಸೆರಗಿಲೆ ಕಣ್ಣ ಒರಸಿಕೊಂಡೆ.

"ವೈನಿ, ಗುಜರಿಯವಗ ಫೋನ್ ಮಾಡಬ್ಯಾಡ್ರಿ" ಅಂದ್ರು ಸಣ್ಣ ಮಾಮಾ. "ಒಂದ ಸಣ್ಣ ಸಾಮಾನು ಬೇಕಾಗೈತಿ. ಇಲ್ಲೆ ಎಲ್ಲೂ ಸಿಗಂಗಿಲ್ಲ. ಬರೂ ಮಂಗಳವಾರ ನಾನ ತರ್ತೀನಿ."

ಆಮ್ಯಾಲೆ ಈ ಕಡಿ ತಿರಗಿದ್ರು. ದೊಡ್ಡ ಮಾಮಾಗ ಮಾತ ದಾಟಸಾಕ ನಾ ಕಣ್ಣ ಒರಸಿಕೊಂಡು ಗಂಟಲ ಸರಿ ಮಾಡಕೊಂಡೆ. ಆದ್ರ ಸಣ್ಣ ಮಾಮಾ ನನ್ನ ನೋಡಲೇ ಇಲ್ಲ.

"ನಡೀತೈತೆಲ್ಲ, ಅಣ್ಣಾ?"

ದೊಡ್ಡ ಮಾಮಾ ಅಂಗಿ ಕಿಸೆ ಮ್ಯಾಲೆ ಕೈ ಇಟ್ಕೊಂಡ್ರು.

"ಮುಂಜಾನೇನ ಬಾರೋ" ಅಂದ್ರು. "ಮಧ್ಯಾಹ್ನದ ಮಟ ಹಾದಿ ಕಾಯಾಕ ಆಗೂದಿಲ್ಲ ನನಗ."