ಮರಾಳ ಹನ್ನೆರಡು ಮಸ್ತ್ ಅದ

ಗುರುಶಾಂತನ ಹತ್ತಿರ ಎರಡನೇ ಹಾರ್ಡ್ ಡಿಸ್ಕ್ ಇರಲಿಲ್ಲ.

ಕ್ಯಾಮೆರಾ ಎರಡಿದ್ದವು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರೆಲ್ಲ ಸರದಿಯ ಮೇಲೆ ತೊಟ್ಟುಕೊಳ್ಳುವ ಕರಿ ಕೋಟು ಒಂದಿತ್ತು. ಆದರೆ ತೆಗೆದ ಫೋಟೋ ಇಡಲು ಇದ್ದದ್ದು ಒಂದೇ ಜಾಗ: ಆಳಂದ ಬಸ್ ಸ್ಟ್ಯಾಂಡಿನ ಎದುರಿನ ಅವನ ಸ್ಟುಡಿಯೋದ ಮೂಲೆಯಲ್ಲಿ ಗೊರಗೊರ ಎನ್ನುತ್ತ ಕುಳಿತಿದ್ದ ಹಳೆಯ ಕಂಪ್ಯೂಟರ್. ಆ ಬೆಳಿಗ್ಗೆ ಅದರೊಳಗೆ ತೊಗರಿ ಕೊಂಡು ಮಾರುವ ಅಡತಿ ಅಂಗಡಿಯ ಸಾಹುಕಾರ ಹಣಮಂತರಾಯರ ಮಗಳು ಶಾಂಭವಿಯ ಇಡೀ ಮದುವೆ ಇತ್ತು. ಸಂಜೆ ಸಾಹುಕಾರರು ಹೆಂಡತಿಯ ಜತೆ ಬಂದು ಆಲ್ಬಮ್ಮಿಗೆ ಫೋಟೋ ಆರಿಸುವವರಿದ್ದರು. ಸ್ಟುಡಿಯೋ ನಡೆಯುತ್ತಿದ್ದ ಮಳಿಗೆಯೂ ಅವರದೇ.

ಕಂಪ್ಯೂಟರ್ ಓಡುತ್ತಿದ್ದದ್ದು ವಿಂಡೋಸ್ ಬದಲಿಗೆ ಮರಾಳ ಎಂಬ ಹೆಸರಿನ ಲಿನಕ್ಸಿನ ಮೇಲೆ. ಪುಕ್ಕಟೆ ಸಿಗುತ್ತದೆ, ವೈರಸ್ ಹತ್ತುವುದಿಲ್ಲ ಎಂದು ಅಫಜಲಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಅನೂಪ ಹಿಂದೊಮ್ಮೆ ಬಂದು ಹಾಕಿಕೊಟ್ಟಿದ್ದ. ಅಷ್ಟಕ್ಕೇ ನಿಲ್ಲದೆ ‘ಮರಾಳ ಬಳಗ, ಮೂರು ತಾಲ್ಲೂಕು’ ಎಂಬ ವಾಟ್ಸಾಪ್ ಗುಂಪನ್ನೂ ಕಟ್ಟಿದ್ದ. ಆಳಂದ, ಅಫಜಲಪುರ, ಜೇವರ್ಗಿಯ ಝೆರಾಕ್ಸ್ ಅಂಗಡಿಯವರು, ಡಿಟಿಪಿಯವರು, ಫೋಟೋಗ್ರಾಫರರು ಅದರಲ್ಲಿದ್ದರು. ಮಾಮೂಲಿ ದಿನಗಳಲ್ಲಿ ಶುಭ ಮುಂಜಾನೆಯ ಗುಲಾಬಿ ಹೂ ಬಿಟ್ಟರೆ ಅಲ್ಲಿ ಏನೂ ಬರುತ್ತಿರಲಿಲ್ಲ. ಆದರೆ ಆ ವಾರ ಮರಾಳದ ಹನ್ನೆರಡನೇ ಆವೃತ್ತಿ ಬಿಡುಗಡೆಯಾಗಿತ್ತು. ಗುಂಪು ಹುಣಸೆ ಹಣ್ಣು ಹಾಕಿದ ತಾಮ್ರದ ಚರಿಗೆಯಂತೆ ಒಮ್ಮೆಲೇ ಹೊಳೆಯತೊಡಗಿತ್ತು.

ಅನೂಪ ಎಲ್ಲರಿಗಿಂತ ಮೊದಲೇ ಹನ್ನೆರಡರ ಪರದೆಯ ಚಿತ್ರ ಹಾಕಿ, ‘ಅಫಜಲಪುರ ಏರ್ತು. ಉಳದೋರು ಯಾವಾಗ?’ ಎಂದು ಬರೆದಿದ್ದ.

ಜೇವರ್ಗಿಯ ಫೋಟೋಗ್ರಾಫರ್ ಪರಮೇಶ ಅದಕ್ಕೆ ಧ್ವನಿ ಸಂದೇಶ ಕಳಿಸಿದ್ದ. “ಹನ್ನೊಂದಕ್ಕೇನ್ ಆಗ್ಯಾದಲೇ? ಕಾಲು ಮುರದಾದೇನು? ನಡ್ಯಾಕತ್ತದ ಇಲ್ಲೋ? ನಡಿಯೋ ಎತ್ತು ಮಾರಿ ಚಿತ್ರದಾಗಿನ ಎತ್ತು ತರೋ ಮನಷ್ಯಾ ನಾ ಅಲ್ಲ.”

‘ಹಂಗಾರ ಜೇವರ್ಗಿ ಹಿಂದೇ ಉಳೀಲಿ. ಆಳಂದದವರ ಸುದ್ದಿ ಕೇಳೋದೇ ಬ್ಯಾಡ. ಅವರಿಗೆ ಹನ್ನೊಂದೇ ಭಾರ ಆಗ್ಯಾದ’ ಎಂದು ಅನೂಪ ಬರೆದ. ಅದರ ಕೆಳಗೆ ಹಲ್ಲು ಕಿರಿಯುವ ಮುಖಗಳ ಸಾಲು.

ಸ್ಟುಡಿಯೋ ಬಾಗಿಲು ತೆರೆದು ಊದಿನಕಡ್ಡಿ ಹಚ್ಚುತ್ತಿದ್ದ ಗುರುಶಾಂತ ಇದನ್ನು ಓದಿದ. ಗುಂಪಿನಲ್ಲಿ ಆಳಂದದವನು ಎಂದರೆ ಮುಖ್ಯವಾಗಿ ಅವನೇ. ಕಡ್ಡಿ ಅರ್ಧಕ್ಕೆ ಬಿಟ್ಟು, ‘ನಾನೂ ಹಾಕಾಕತ್ತೇನಿ’ ಎಂದು ಅನೂಪನಿಗೆ ಬರೆದು, ಕಂಪ್ಯೂಟರ್ ಮುಂದೆ ಕುಳಿತ.

ಇಳಿಸಿಕೊಂಡದ್ದಾಯಿತು. ಹಾಕಲು ಶುರು ಮಾಡಿದ. ಪರದೆಯ ಮೇಲೆ ಒಂದರ ಹಿಂದೊಂದು ಪುಟ, ಪ್ರತಿ ಪುಟದ ಕೆಳಗೆ ‘ಮುಂದೆ’ ಎಂಬ ಗುಂಡಿ. ಬಸ್ಸಿನಲ್ಲಿ ಕಂಡಕ್ಟರ್ ‘ಮುಂದ ಸರೀರಿ, ಮುಂದ ಸರೀರಿ’ ಎಂದಾಗ ಯಾರೂ ಯಾಕೆ ಎಂದು ಕೇಳುವುದಿಲ್ಲ. ಗುರುಶಾಂತನೂ ಕೇಳಲಿಲ್ಲ. ಮುಂದೆ, ಮುಂದೆ, ಮುಂದೆ ಒತ್ತಿದ. ಹೊರಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಪರದೆಯ ತುಂಬ ನೀಲಿ ಕೊಳ, ಅದರ ನಡುವೆ ಒಂದು ಬಿಳಿ ಹಂಸ ಬಂದು ಕುಳಿತಿತ್ತು. ನೋಡಲು ಚೆಂದವಿತ್ತು.

ಫೋಟೋಗಳ ಫೋಲ್ಡರ್ ತೆರೆಯಲು ಹೋದ. ಫೋಲ್ಡರ್ ಇರಲಿಲ್ಲ.

ಬೇರೆ ಕಡೆ ಹುಡುಕಿದ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದ. ಹಂಸ ಮತ್ತೆ ಬಂತು, ಶಾಂಭವಿ ಬರಲಿಲ್ಲ. ಮರಾಳದವರು ಹೊಸ ಆವೃತ್ತಿಯ ಜತೆ ಬಿಟ್ಟಿದ್ದ ಉದ್ದನೆಯ ಟಿಪ್ಪಣಿಯನ್ನು ಆಗ ಮೊದಲ ಸಲ ತೆರೆದು ಓದಿದ. ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು: ‘ಹಳೆಯ ಕಡತಗಳನ್ನು ಉಳಿಸು’ ಎಂಬ ಚೌಕದಲ್ಲಿ ಈ ಸಲ ಟಿಕ್ ಮೊದಲೇ ಬಿದ್ದಿರುವುದಿಲ್ಲ. ಬೇಕಾದವರು ತಾವೇ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ.

ಅಳಿಸಿದ್ದನ್ನು ಎತ್ತುವ ಒಂದು ತಂತ್ರಾಂಶ ಹಾಕಿ ನೋಡಿದ. ಅದು ಬಹಳ ಹೊತ್ತು ಕೆದಕಿ, ಯಾರದೋ ಒಂದು ಮೊಣಕೈ ಮತ್ತು ಅರ್ಧ ಬಾಳೆಎಲೆಯನ್ನು ಹೊರಗೆ ತಂದಿತು. ಕ್ಯಾಮೆರಾದ ಕಾರ್ಡುಗಳನ್ನು ಆಗಲೇ ಒರೆಸಿ, ಹಿರೋಳ್ಳಿಯ ಇನ್ನೊಂದು ಮದುವೆಗೆ ಬಳಸಿಯಾಗಿತ್ತು.

ಪಕ್ಕದ ಬಳೆ ಅಂಗಡಿಯ ಖಾಸೀಂಬಿ ಚಿಲ್ಲರೆ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು.

“ಅರೇ ಬೇಟಾ, ಏನಾತೋ? ಮುಖ ಯಾಕ ಸುಣ್ಣದ ಗ್ವಾಡಿ ಆಗ್ಯಾದ?”

“ಸಾವ್ಕಾರ್ರ ಮದುವಿ ಹೋತು ಖಾಸೀಂಬಿ.”

“ಯಾ ಅಲ್ಲಾ! ಮುರೀತು? ಹುಡುಗಿ ಹೋಗಿ ಇನ್ನಾ ತಿಂಗಳಾಗಿಲ್ಲ! ಹುಡುಗಂದೇ ಏನರ ಇರಬೇಕು ನೋಡು.”

“ಮದುವಿ ಅಲ್ಲ ಮಾರಾಯ್ತಿ, ಫೋಟೋ! ಮೆಲ್ಲಗ ಮಾತಾಡು.”

ಅಷ್ಟರಲ್ಲಿ ಫೋನು ಟಿಣ್ ಎಂದಿತು. ಗುಂಪಿನಲ್ಲಿ ರೇವಣಸಿದ್ಧನ ಸಂದೇಶ. ಇವನು ಗಡಿಯಾಚೆಯ ಅಕ್ಕಲಕೋಟದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು, ಹಿಂದೆ ಅನೂಪನ ಕ್ಲಾಸಿನಲ್ಲಿ ಕಲಿತವನಾದ್ದರಿಂದ ಗುಂಪಿನಲ್ಲಿದ್ದ. ಅದಕ್ಕಿಂತ ಮುಖ್ಯವಾಗಿ, ಶಾಂಭವಿಯ ಗಂಡ.

‘ಗುರುಶಾಂತಣ್ಣ, ನೀವು ಹನ್ನೆರಡು ಹಾಕಾಕತ್ತೀರಂತ ಅನೂಪ ಸರ್ ಹೇಳಿದ್ರು. ಹೆಂಗದ? ನಮ್ಮ ಫೋಟೋ ಅದರಾಗೇ ಅದಾವಲ್ಲ, ಸೇಫ್ ಅದಾವ?’

ಗುರುಶಾಂತ ಸಂದೇಶ ತೆರೆದು ಓದಿದ. ಓದಿದವರ ಪಟ್ಟಿಯಲ್ಲಿ ಅವನ ಹೆಸರು ಬಿದ್ದಾಗಿತ್ತು. ಸುಮ್ಮನಿದ್ದರೆ ಅಳಿಯನಿಗೆ ಅನುಮಾನ. ಅಳಿಯನಿಗೆ ಅನುಮಾನ ಬಂದರೆ ಮಾವನಿಗೆ ಫೋನು. ಮಾವನಿಗೆ ಫೋನು ಹೋದರೆ ಮಳಿಗೆಗೆ ಬೀಗ.

ಬರೆದ: ‘ಎಲ್ಲಾ ಇದ್ದಲ್ಲೇ ಅದ. ಮರಾಳ ಹನ್ನೆರಡು ಮಸ್ತ್ ಅದ.’

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಸುಳ್ಳು ಸಣ್ಣದಾದರೆ ಯಾರೂ ನಂಬುವುದಿಲ್ಲ ಎಂಬ ಹೆದರಿಕೆಗೆ ಇನ್ನೊಂದು ಸಾಲು ಸೇರಿಸಿದ: ‘ಕಣ್ಣು ಮುಚ್ಚಿ ಹಾಕ್ರಿ.’

ಚಪ್ಪಾಳೆಗಳು ಬಿದ್ದವು. ‘ಆಳಂದ ಏರ್ತು!’ ಎಂದು ಅನೂಪ ಬರೆದ. ರೇವಣಸಿದ್ಧ ಕೈ ಮುಗಿಯುವ ಚಿತ್ರ ಹಾಕಿದ. ಪರಮೇಶ ಮಾತ್ರ ಏನೂ ಅನ್ನಲಿಲ್ಲ. ಸಿಟ್ಟಿಗೆದ್ದಿರಬೇಕು ಎಂದುಕೊಂಡ ಗುರುಶಾಂತ.

“ಮದುವ್ಯಾಗ ನಿನ ಜೋಡಿ ಇನ್ನೊಬ್ಬ ಹುಡುಗ ಕ್ಯಾಮೆರಾ ಹಿಡಕೊಂಡು ಓಡ್ಯಾಡತಿದ್ನಲ್ಲ,” ಎಂದಳು ಖಾಸೀಂಬಿ. ಚಿಲ್ಲರೆ ಮರೆತು ಕುರ್ಚಿ ಎಳೆದುಕೊಂಡಿದ್ದಳು. “ಅವನ ಹಂತೇಕ ಇಲ್ಲೇನು?”

ಗುರುಶಾಂತ ಎದ್ದು ನಿಂತ. ಆ ಹುಡುಗ ಪರಮೇಶನೇ. ಲಗ್ನದ ಸೀಜನ್ನಿನಲ್ಲಿ ಈ ಕಡೆಯ ಫೋಟೋಗ್ರಾಫರರು ಒಬ್ಬರ ಕೆಲಸಕ್ಕೆ ಒಬ್ಬರು ಹೋಗುವುದು ವಾಡಿಕೆ. ಹೆಣ್ಣಿನ ಕಡೆ ಒಬ್ಬ, ಗಂಡಿನ ಕಡೆ ಒಬ್ಬ. ಕೊನೆಗೆ ಇಬ್ಬರ ಫೋಟೋಗಳನ್ನೂ ಇಬ್ಬರೂ ಇಳಿಸಿಕೊಳ್ಳುತ್ತಾರೆ. ಶಾಂಭವಿಯ ಮದುವೆ, ಅರಿಸಿನದಿಂದ ಅಕ್ಕಿಕಾಳಿನವರೆಗೆ, ಜೇವರ್ಗಿಯಲ್ಲಿ ಇನ್ನೂ ಹಾಗೆಯೇ ಇತ್ತು. ಅದೂ ಹನ್ನೊಂದನ್ನು ಬಿಟ್ಟು ಕದಲದ ಪರಮೇಶನ ಹತ್ತಿರ!

“ಖಾಸೀಂಬಿ, ನಿನ್ನ ಕಾಲು ಎಲ್ಲದ ತೋರ್ಸು,” ಎಂದು ಪರಮೇಶನಿಗೆ ಫೋನು ಹಚ್ಚಿದ. ಒಂದು ಸಲ ರಿಂಗಾಗಿ ಕಟ್ಟಾಯಿತು. ಮತ್ತೆ ಹಚ್ಚಿದ, ಮತ್ತೆ ಕಟ್.

ಮೂರನೇ ಸಲ ಹಚ್ಚುವಾಗ ಹೊರಗೆ ಕಾರು ನಿಂತಿತು. ಸಂಜೆ ಬರಬೇಕಾದ ಹಣಮಂತರಾಯರು ಮಧ್ಯಾಹ್ನಕ್ಕೇ ಬಂದಿದ್ದರು. ಹಿಂದೆ ಹೆಂಡತಿ ಗಂಗಾಬಾಯಿ, ಕೈಯಲ್ಲಿ ಬುತ್ತಿಯ ಡಬ್ಬಿ.

“ಬೀಗರು ದಿನಾ ಕೇಳಾಕತ್ತಾರ ತಮ್ಮಾ,” ಎನ್ನುತ್ತ ಗಂಗಾಬಾಯಿ ಪರದೆಯ ಎದುರೇ ಕುಳಿತರು. “ಜಲ್ದಿ ತೋರ್ಸು. ಇದೇನಿದು? ನನ್ನ ಮಗಳ ಜಾಗಾದಾಗ ಕೊಕ್ಕರಿ ಯಾಕ ಕುಂತದ?”

“ಅದು ಹಂಸರೀ, ಅಕ್ಕಾರ. ಫೋಟೋ ಬಣ್ಣ ಸುಧಾರಿಸಾಕ ಕೊಟ್ಟೇನ್ರಿ. ಜೇವರ್ಗಿಗೆ. ಅಲ್ಲಿ ಪರಮೇಶ ಅಂತ, ಕೈ ಛಲೋ ಅದ. ಎರಡು ದಿನ ಬಿಟ್ಟು...”

ಖಾಸೀಂಬಿ ಜೋರಾಗಿ ತಲೆ ಆಡಿಸಿದಳು. “ಹೌದ್ರಿ ಸಾವ್ಕಾರ್ರ, ಬಣ್ಣಕ್ಕೇ ಕೊಟ್ಟಾನ. ಏನೂ ಆಗಿಲ್ರಿ. ಖರೇನೇ ಏನೂ ಆಗಿಲ್ಲ.”

ಗುರುಶಾಂತನಿಗೆ ಅವಳ ಬಾಯಿಗೆ ಕರಿ ಕೋಟು ತುರುಕಬೇಕೆನಿಸಿತು.

ಹಣಮಂತರಾಯರು ಗಡಿಯಾರ ನೋಡಿದರು. “ಜೇವರ್ಗಿ ಅಂದಿ? ಏಳು. ನನಗೂ ಅಲ್ಲಿ ಒಬ್ಬ ಅಡತಿಯವನ್ನ ನೋಡೂದದ. ಕಾರ್ ಅದ, ಎಲ್ಲಾರೂ ಕೂಡೇ ಹೋಗೂನು. ಅಲ್ಲೇ ಕುಂತು ಆರಿಸಿದ್ರಾತು.”

ಖಾಸೀಂಬಿಯನ್ನು ಹೊರಗೆ ಕಳಿಸಿ ಸ್ಟುಡಿಯೋಕ್ಕೆ ಬೀಗ ಹಾಕಿದ್ದಾಯಿತು. ಪೊಲೀಸರು ಹಿಡಿದುಕೊಂಡು ಹೋಗುವವನಂತೆ ಗುರುಶಾಂತ ಕಾರಿನಲ್ಲಿ ಕುಳಿತ.

ದಾರಿಯುದ್ದಕ್ಕೂ ಪರಮೇಶನಿಗೆ ಫೋನು ಹಚ್ಚಿದ. ಕಲಬುರಗಿ ಬರುವವರೆಗೆ ಹಚ್ಚಿದ, ದಾಟಿದ ಮೇಲೂ ಹಚ್ಚಿದ. ಪ್ರತಿ ಸಲವೂ ರಿಂಗಾಗಿ ಕಟ್, ಕೊನೆಕೊನೆಗೆ ಸ್ವಿಚ್ ಆಫ್. ಅವನಿಗೆ ಹೇಳಬೇಕಾದದ್ದು ಇಷ್ಟೇ: ಫೋಟೋಗಳನ್ನು ನಾನು ನಿನಗೆ ಬಣ್ಣಕ್ಕೆ ಕೊಟ್ಟಿದ್ದೇನೆ ಎಂಬಂತೆ ನಾಟಕ ಮಾಡು. ಅದನ್ನೇ ಬರೆದು ಕಳಿಸಿದ. ನೀಲಿ ಗೆರೆ ಬೀಳಲಿಲ್ಲ.

ಗಂಗಾಬಾಯಿ ಮುಂದಿನ ಸೀಟಿನಿಂದ ತಿರುಗಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಗುರುಶಾಂತ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಫೋನು ಹಿಡಿದ.

“ತಮ್ಮಾ, ಶಾಂಭವಿ ಸರಾ ನೋಡಿ ನಮ್ಮ ತಂಗಿ ಮುಖ ಹುಳ್ಳಗ ಮಾಡಿದ್ಲಲ್ಲ, ಅದು ಬಂದದೇನು?”

“ಬಂದಿತ್ರಿ... ಬಂದದ್ರಿ.”

“ಅದನ್ನ ದೊಡ್ಡದು ಹಾಕು. ಪುಟದ ತುಂಬ.”

ಹಣಮಂತರಾಯರು ಕಾರು ಓಡಿಸುತ್ತಲೇ ಹೇಳಿದರು. “ನಾ ಅಂತೂ ಏನೂ ನೋಡಿಲ್ಲಪಾ. ಅಡಗಿಯವರ ಹಿಂದ ಒಂದಿಷ್ಟು ಹೊತ್ತು, ಬೀಗರ ಹಿಂದ ಒಂದಿಷ್ಟು ಹೊತ್ತು. ತಾಳಿ ಕಟ್ಟೂವಾಗ ಹೊರಗ ಜನರೇಟರ್ ಹಂತೇಕ ನಿಂತಿದ್ದೆ. ಒಬ್ಬಾಕಿನೇ ಮಗಳು. ಮದುವಿ ಇನ್ನ ಫೋಟೋದಾಗೇ ನೋಡಬೇಕು ನಾ.”

ಗುರುಶಾಂತ ಕಿಟಕಿಯ ಕಡೆ ತಿರುಗಿದ. ಕಾರು ಭೀಮಾ ನದಿಯ ಸೇತುವೆ ದಾಟುತ್ತಿತ್ತು. ಇಳಿದು ಓಡಿಹೋಗಲು ಅದು ಒಳ್ಳೆಯ ಜಾಗವಾಗಿರಲಿಲ್ಲ. ಪರವಾಗಿಲ್ಲ, ಜೇವರ್ಗಿಯಲ್ಲಿ ಎಲ್ಲ ಇದೆ, ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಪರಮೇಶ ತನ್ನ ಅಂಗಡಿಯ ಬಾಗಿಲಲ್ಲೇ ಸಿಕ್ಕ. ಮುಖದಲ್ಲಿ ಸಿಟ್ಟಿರಲಿಲ್ಲ. ಸಂಬಳದ ದಿನದ ಗುಮಾಸ್ತನಂತೆ ಹೊಳೆಯುತ್ತಿದ್ದ.

“ಬಾರಲೇ ಗುರು! ಬರ್ರಿ ಸಾವ್ಕಾರ್ರ, ಬರ್ರಿ ಅಕ್ಕಾರ, ಕೂಡ್ರಿ.”

“ಫೋನ್ ಯಾಕ ಎತ್ತಲಿಲ್ಲಲೇ?” ಗುರುಶಾಂತ ಪಿಸುಗುಟ್ಟಿದ.

“ಹೆಂಗ ಎತ್ತಲಿ? ಇಲ್ಲಿ ನೆಟ್ ಇಲ್ಲ, ಫೋನಿನಾಗಿಂದೇ ಕಂಪ್ಯೂಟರಿಗೆ ನೆಟ್ ಕೊಟ್ಟಿದ್ದೆ. ಕಾಲ್ ಎತ್ತಿದ್ರ ಡೌನ್‌ಲೋಡ್ ಸತ್ತು ಹೋಗ್ತದ. ನೀ ಹಚ್ಚೂದು, ನಾ ಕಟ್ ಮಾಡೂದು. ಎಷ್ಟರ ಹಚ್ಚಿದೆಪಾ ಮಾರಾಯಾ! ಆಮ್ಯಾಲ ಫೋನ್ ಚಾರ್ಜಿಲ್ದೇ ಬಂದ್ ಬಿತ್ತು.”

ಗುರುಶಾಂತ ಅವನ ತೋಳು ಹಿಡಿದ. “ಏನ್... ಏನ್ ಡೌನ್‌ಲೋಡ್?”

“ಹನ್ನೆರಡಲೇ! ಮತ್ತೇನು?” ಪರಮೇಶ ಅವನ ಹೆಗಲ ಮೇಲೆ ಕೈ ಹಾಕಿದ. “ಅನೂಪನ ಮಾತು ನಾ ಎಂದರ ನಂಬೇನೇನು? ಅವ ಬಾಯಿಬಡಕ. ಖರೆ, ನೀ ಹೇಳಿದ ಮ್ಯಾಲ ಮುಗೀತು. ಇಂಥಾ ಮದುವಿ ಒಳಗ ಇಟಗೊಂಡು ಗುರುಶಾಂತ ಹಾಕ್ಯಾನಂದ್ರ, ನಂದೇನ್ ಹೋಗ್ತದ ಅಂದೆ. ಕಣ್ಣು ಮುಚ್ಚಿ ಹಾಕ್ರಿ ಅಂದಿ. ಕಣ್ಣು ಮುಚ್ಚೇ ಹಾಕಿದೆ. ಈಗಷ್ಟೇ ಮುಗೀತು, ಇನ್ನಾ ತೆರದಿಲ್ಲ. ಸಾವ್ಕಾರ್ರ, ನಿಮ್ಮ ಕೈ ಗುಣ ಛಲೋ ಅದ, ನೀವೇ ಒತ್ರಿ.”

“ಟಿಕ್ ಹಾಕಿದ್ಯಾ?” ಎಂದ ಗುರುಶಾಂತ.

“ಯಾವ ಟಿಕ್?”

ಹಣಮಂತರಾಯರು ಕನ್ನಡಕ ಸರಿ ಮಾಡಿಕೊಂಡು, ಬ್ಯಾಂಕಿನ ಹೊಸ ಶಾಖೆ ಉದ್ಘಾಟಿಸುವವರಂತೆ ಗುಂಡಿ ಒತ್ತಿದರು. ಎಲ್ಲರೂ ಪರದೆ ನೋಡಿದರು. ಪರಮೇಶ ಒಂದು ಕಡೆ ಒತ್ತಿದ, ಇನ್ನೊಂದು ಕಡೆ ಒತ್ತಿದ. ಅವನ ಮುಖದ ಹೊಳಪು ಮೆಲ್ಲಗೆ ಇಳಿಯಿತು.

“ಗುರು, ಫೋಲ್ಡರ್ ಎಲ್ಲಿ ಹೋಗಿರ್ತಾವಲೇ? ನಿಂದ್ರಾಗ ಎಲ್ಲಿ ಬಂದಾವ?”

ಗುರುಶಾಂತ ಹೇಳಿದ. ಮೊದಲಿನಿಂದ ಕೊನೆಯವರೆಗೆ ಹೇಳಿದ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಗಂಗಾಬಾಯಿಯವರ ಕೈಯಲ್ಲಿದ್ದ ಖಾಲಿ ಡಬ್ಬಿಯನ್ನು ನೋಡುತ್ತ ಹೇಳಿದ.

“ಒಂದೂ ಇಲ್ಲ?” ಎಂದರು ಹಣಮಂತರಾಯರು.

“ಇಲ್ರಿ.”

“ತಾಳಿ ಕಟ್ಟಿದ್ದು?”

“ಇಲ್ರಿ.”

“ನಮ್ಮ ತಂಗಿದು?” ಎಂದು ಗಂಗಾಬಾಯಿ ಕೇಳಿದರು.

ಹಣಮಂತರಾಯರು ಎದ್ದರು. ಬೈಯಲಿಲ್ಲ. ಬೈದಿದ್ದರೆ ಗುರುಶಾಂತನಿಗೆ ಸಮಾಧಾನವಾಗುತ್ತಿತ್ತು. “ಮಳಗಿ ಕೀಲಿಕೈ ನಾಳೆ ಮುಂಜಾನೆ ಅಡತಿಗೆ ತಂದು ಕೊಡು. ವಾಪಸ್ ಬಸ್ಸಿಗೆ ಬಾ,” ಎಂದರು. ಕಾರು ಹೋಯಿತು.

ಪರಮೇಶ ಗುರುಶಾಂತನ ಫೋನು ಕಸಿದು ಅನೂಪನಿಗೆ ಹಚ್ಚಿ ಸ್ಪೀಕರಿಗೆ ಹಾಕಿದ.

“ಲೇ ಅನೂಪ, ನೀ ಹನ್ನೆರಡು ಹಾಕಿದಾಗ ನಿನ್ನ ಫೈಲ್ ಹೆಂಗ ಉಳದ್ವು? ಟಿಕ್ ಹಾಕಿದ್ಯಾ ನೀ?”

“ನಾ ಹನ್ನೆರಡು ಎಲ್ಲಿ ಹಾಕೇನಪಾ?” ಎಂದಿತು ಅಫಜಲಪುರ. “ಕ್ಲಾಸಿನ ಹುಡುಗರ ಸಾಮಾನೆಲ್ಲ ಅದರಾಗ ಅದ. ಮೊದಲ ಆಳಂದದಾಗ, ಜೇವರ್ಗಿದಾಗ ಏನಾಗ್ತದ ನೋಡೂನು, ಆಮ್ಯಾಲ ಹಾಕೂನು ಅಂತ ಬಿಟ್ಟೇನಿ.”

“ಮತ್ತ ಆ ಚಿತ್ರ?”

“ಅದು ನೆಟ್‌ನಾಗಿಂದು ತೆಗದು ಹಾಕಿದ್ದು. ಯಾಕ, ಹೆಂಗದ ಹನ್ನೆರಡು?”

ಹೋದದ್ದು ಇಷ್ಟು. ಆಳಂದದಲ್ಲಿ ಒಂದು ಮದುವೆ, ಒಂದು ಮಳಿಗೆ. ಜೇವರ್ಗಿಯಲ್ಲಿ ಅದೇ ಮದುವೆ ಇನ್ನೊಮ್ಮೆ, ಎರಡು ಸೀಮಂತ, ಒಂದು ವಾಸ್ತುಶಾಂತಿ. ಅಫಜಲಪುರದಲ್ಲಿ ಏನೂ ಇಲ್ಲ.