ಬೋನಸ್ಸು ಎರಡನೇ ಪ್ಲಾಟ್‌ಫಾರ್ಮಿಗೆ ಮಾತ್ರ

ಆಟದ ಡಬ್ಬಿಯ ಹಿಂಬದಿಯಲ್ಲಿ, ಕೆಳಗಿನ ಮೂಲೆಯಲ್ಲಿ, ಇರುವೆಯ ತಲೆಗಿಂತ ಚಿಕ್ಕದಾದ ಒಂದು ನಕ್ಷತ್ರದ ಗುರುತಿತ್ತು. ಅದನ್ನು ಗಮನಿಸದೆ ಹೋದವನು, ದಿನಕ್ಕೆ ನಲವತ್ತು ಸಲ ‘ದಯವಿಟ್ಟು ಗಮನಿಸಿ’ ಎಂದು ಊರಿಗೆಲ್ಲ ಹೇಳುವವನು.

ಅವನು ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವವ. ಯಾವ ಗಾಡಿ ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರ್ಮಿಗೆ, ಎಷ್ಟು ತಡವಾಗಿ ಬರಲಿದೆ ಎಂಬುದನ್ನು ಜೇನಿನಲ್ಲಿ ಅದ್ದಿದ ಧ್ವನಿಯಲ್ಲಿ ಹೇಳುತ್ತಿದ್ದ. ಎರಡು ಗಂಟೆ ತಡ ಎಂದು ಅವನು ಹೇಳಿದರೆ ಜನಕ್ಕೆ ಸಿಟ್ಟು ಬರಲು ಐದು ನಿಮಿಷ ಹಿಡಿಯುತ್ತಿತ್ತು. ನಿಲ್ದಾಣದಲ್ಲಿ ಅವನನ್ನು ಎಲ್ಲರೂ ಗಮನಿಸಪ್ಪ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಮನೆಯಲ್ಲಿ ಮಾವ ಇದ್ದರು. ನಿವೃತ್ತ ಎಂಜಿನ್ ಡ್ರೈವರು. ಮಗಳನ್ನು ರೈಲ್ವೆಯವನಿಗೇ ಕೊಡಬೇಕೆಂದು ಹಟ ಹಿಡಿದು ಕೊಟ್ಟು, ಆಮೇಲೆ ಅಳಿಯ ಮಾಡುವ ಕೆಲಸ ಏನೆಂದು ತಿಳಿದು ಪೆಚ್ಚಾದವರು. “ರೈಲು ಓಡಿಸೋನು ರೈಲ್ವೆಯವನು. ರೈಲು ಬಂತು ಅಂತ ಕೂಗೋನು...” ಎಂದು ಶುರುಮಾಡಿ ಕಾಫಿ ಲೋಟ ಎತ್ತಿಕೊಳ್ಳುತ್ತಿದ್ದರು. ಎಂಟು ವರ್ಷದಿಂದ ಆ ವಾಕ್ಯ ಮುಗಿದಿರಲಿಲ್ಲ. ಮುಗಿಸಿದ್ದರೆ ಗಮನಿಸಪ್ಪನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಹೀಗಿರುವಾಗ ಟೀವಿಗೆ ಜೋಡಿಸಿ ಆಡುವ ಒಂದು ರೈಲಿನ ಆಟ ಬಂದಿದೆಯೆಂದು ಅವನಿಗೆ ತಿಳಿಯಿತು. ಕೂತಲ್ಲೇ ರೈಲು ಓಡಿಸಬಹುದು. ಡಬ್ಬಿಯ ಮೇಲೆ ದೊಡ್ಡದಾಗಿ ಒಂದು ಉಗಿ ಎಂಜಿನ್ನಿನ ಚಿತ್ರ. ಮಾವ ಕೆಲಸಕ್ಕೆ ಸೇರಿದ ಹೊಸದರಲ್ಲಿ ಓಡಿಸಿದ್ದು ಅದೇ ಜಾತಿಯ ಎಂಜಿನ್ನು. ಮಾವನಿಗೆ ಎಪ್ಪತ್ತು ತುಂಬುವ ದಿನ ಸಂಜೆ ಆರಕ್ಕೆ ಸರಿಯಾಗಿ ಅವರ ಕೈಗೆ ಅವರ ಎಂಜಿನ್ನನ್ನು ಕೊಡುವುದಾಗಿ ಗಮನಿಸಪ್ಪ ಮಾತು ಕೊಟ್ಟು, ಆಟವನ್ನೂ ಅದನ್ನು ಆಡಿಸುವ ಪೆಟ್ಟಿಗೆಯನ್ನೂ ಕೊಂಡು ತಂದ. ಅಂದಿನಿಂದ ಮಾವನ ಬಲಗೈ ಆಗಾಗ ಗಾಳಿಯಲ್ಲಿ ಏನನ್ನೋ ಹಿಡಿದು ಎಳೆಯತೊಡಗಿತು. ಸೀಟಿಯ ಸರಪಳಿ ಎಂದು ಹೆಂಡತಿ ವಿವರಿಸಿದಳು.

ಆ ದಿನ ಬಂದೇ ಬಂತು. ಬೆಳಿಗ್ಗೆ ಮಾವ ವಾಕಿಂಗಿಗೆ ಹೋಗಿದ್ದಾಗ ಗಮನಿಸಪ್ಪ ಆಟ ಹಾಕಿ ನೋಡಿದ. ಡೀಸೆಲ್ ಎಂಜಿನ್ನು ಇತ್ತು, ಕರೆಂಟಿನದು ಇತ್ತು, ಮೂತಿ ಚೂಪಾದ ಅತಿವೇಗದ್ದೂ ಇತ್ತು. ಉಗಿ ಎಂಜಿನ್ನು ಇರಲಿಲ್ಲ. ಆಗ ಕಣ್ಣಿಗೆ ಬಿತ್ತು ಆ ನಕ್ಷತ್ರ. ಭೂತಗನ್ನಡಿ ಹಿಡಿದು ಓದಿದರೆ, ‘ಚಿತ್ರದಲ್ಲಿರುವ ಉಗಿ ಎಂಜಿನ್ ಬೋನಸ್ ಆಗಿದ್ದು, ಆಯ್ದ ಪ್ಲಾಟ್‌ಫಾರ್ಮಿನಲ್ಲಿ ಮಾತ್ರ ಲಭ್ಯ’ ಎಂದಿತ್ತು.

ಅವನ ಬುದ್ಧಿಗೆ ಮೊದಲು ಹೊಳೆದದ್ದು ಯಾವ ಪ್ಲಾಟ್‌ಫಾರ್ಮು, ಎಷ್ಟು ಗಂಟೆಗೆ ಎಂಬುದು. ಸ್ವಲ್ಪ ಹೊತ್ತು ಕೂತು ಯೋಚಿಸಿದ ಮೇಲೆ ಅರ್ಥವಾಯಿತು. ಆಟದ ಪೆಟ್ಟಿಗೆಗಳನ್ನು ಎರಡು ಕಂಪನಿಗಳು ಮಾಡುತ್ತವೆ. ಆ ಪೆಟ್ಟಿಗೆಗೇ ಪ್ಲಾಟ್‌ಫಾರ್ಮು ಎನ್ನುತ್ತಾರೆ. ಆಟ ಎರಡಕ್ಕೂ ಒಂದೇ. ಆದರೆ ಪಂಕ್ತಿಯಲ್ಲಿ ಬೇಕಾದವರ ಎಲೆಗೆ ಮಾತ್ರ ತುಪ್ಪ ಬಡಿಸಿದಂತೆ, ಒಂದೊಂದು ಪೆಟ್ಟಿಗೆಯವರಿಗೆ ಒಂದೊಂದು ಹೆಚ್ಚಿನ ತುಣುಕು ಹಾಕಿರುತ್ತಾರೆ. ಉಗಿ ಎಂಜಿನ್ನು ಇನ್ನೊಂದು ಪೆಟ್ಟಿಗೆಯ ಎಲೆಗೆ ಬಿದ್ದಿತ್ತು.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. “ಅಪ್ಪ ಹೊಸ ಶರ್ಟು ಇಸ್ತ್ರಿ ಮಾಡಿಸಿಟ್ಟಿದಾರೆ ರೀ. ಸಂಜೆ ಎಂಜಿನ್ನು ಬರಲ್ಲ ಅಂತ ನೀವೇ ಹೇಳಿ. ಗಾಡಿ ರದ್ದಾಗಿದೆ ಅಂತ ಹೇಳಿ ನಿಮಗೆ ಅಭ್ಯಾಸ ಇದೆಯಲ್ಲ” ಎಂದಳು.

ಗಮನಿಸಪ್ಪ ತಿಂಡಿ ಬಿಟ್ಟು ನಿಲ್ದಾಣಕ್ಕೆ ಓಡಿದ. ಎಂಟೂವರೆಯ ಗಾಡಿಯನ್ನು ಕೂಗಿ, ಮೈಕು ಆರಿಸಿ, ಆಟದ ಅಂಗಡಿಯವನಿಗೆ ಫೋನು ಹಚ್ಚಿದ. ಅವನ ಧ್ವನಿ ಮೊದಲೇ ಗುಟ್ಟು ಮಾಡಲು ಒಗ್ಗುವಂಥದ್ದಲ್ಲ, ಸಿಟ್ಟು ಬೇರೆ ಬಂದಿತ್ತು.

“ಅಲ್ಲ ಸ್ವಾಮಿ, ಬೋನಸ್ಸು ಆ ಪ್ಲಾಟ್‌ಫಾರ್ಮಿಗೆ ಮಾತ್ರ ಅಂದ್ರೆ ಏನರ್ಥ? ಈ ಪ್ಲಾಟ್‌ಫಾರ್ಮಿನವರು ಏನು ಪಾಪ ಮಾಡಿದ್ದೀವಿ?... ಈಗಲಾದರೂ ಆ ಪ್ಲಾಟ್‌ಫಾರ್ಮಿಗೆ ಬದಲಾಯಿಸಿಕೊಂಡ್ರೆ ಸಿಗುತ್ತಾ?... ಇವತ್ತು ಸಂಜೆ ಆರರೊಳಗೆ ಆಗಬೇಕು.”

ಅಂಗಡಿಯವನು ಆ ಪೆಟ್ಟಿಗೆ ಖಾಲಿಯಾಗಿದೆ, ಮುಂದಿನ ತಿಂಗಳು ವಿಚಾರಿಸಿ ಎಂದ. ಆ ಮಾತು ಗಮನಿಸಪ್ಪನಿಗೆ ಮಾತ್ರ ಕೇಳಿಸಿತು. ಕಿಟಕಿಯ ಹೊರಗೆ ರಸೀದಿ ಹಿಡಿದು ನಿಂತಿದ್ದ ಪಾರ್ಸೆಲ್ ಗುಮಾಸ್ತನಿಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ. ಪಾರ್ಸೆಲ್ ಗುಮಾಸ್ತ ಪಾರ್ಸೆಲ್ಲುಗಳನ್ನು ವಾರಗಟ್ಟಲೆ ತಡಮಾಡಿ ತಲುಪಿಸಿದರೂ ಸುದ್ದಿಯನ್ನು ಒಂದು ನಿಮಿಷ ಕೂಡ ತಡಮಾಡಿದವನಲ್ಲ.

ಆ ನಿಲ್ದಾಣಕ್ಕೆ ಇದ್ದದ್ದೇ ಎರಡು ಪ್ಲಾಟ್‌ಫಾರ್ಮು. ಘೋಷಣೆ ಕೋಣೆ, ಪಾರ್ಸೆಲ್ ಆಫೀಸು, ಟಿಕೆಟ್ ಕಿಟಕಿ ಎಲ್ಲ ಒಂದನೆಯದರಲ್ಲಿ. ಎರಡನೆಯದರಲ್ಲಿ ಒಂದು ನಲ್ಲಿ, ನಾಲ್ಕು ಬೆಂಚು, ತೂಕಡಿಸುವ ಇಬ್ಬರು ಪೋರ್ಟರುಗಳು. ಒಂದನೇ ಪ್ಲಾಟ್‌ಫಾರ್ಮಿನವರು ಎರಡನೆಯದಕ್ಕೆ ಕಾಲಿಡುತ್ತಿದ್ದದ್ದು ಶಿಕ್ಷೆಯ ಮೇಲೆ ಹಾಕಿದರೆ ಮಾತ್ರ.

ಒಂಬತ್ತೂವರೆಯ ಹೊತ್ತಿಗೆ, ಈ ಸಲ ಬೋನಸ್ಸು ಎರಡನೇ ಪ್ಲಾಟ್‌ಫಾರ್ಮಿನವರಿಗೆ ಮಾತ್ರ, ಸಂಜೆ ಆರರೊಳಗೆ ಅಲ್ಲಿದ್ದವರ ಹೆಸರು ಬರೆದುಕೊಳ್ಳುತ್ತಾರೆ ಎಂಬುದು ಇಡೀ ನಿಲ್ದಾಣಕ್ಕೆ ಗೊತ್ತಾಗಿತ್ತು. ಗಮನಿಸಪ್ಪ ಫೋನಿನಲ್ಲಿ ದೊಡ್ಡ ಆಫೀಸಿನವರ ಹತ್ತಿರ ಜಗಳವಾಡಿ ವರ್ಗ ಕೇಳಿದ ಎಂಬುದನ್ನು ಪಾರ್ಸೆಲ್ ಗುಮಾಸ್ತ ತನ್ನ ಕಡೆಯಿಂದ ಸೇರಿಸಿದ.

ಮೊದಲು ದಾಟಿದ್ದು ಒಂದನೇ ಪ್ಲಾಟ್‌ಫಾರ್ಮಿನ ಪೋರ್ಟರುಗಳು. ಅವರ ಹಿಂದೆ ಟೀ ಗಾಡಿಯವನು, ಉರಿಯುತ್ತಿದ್ದ ಒಲೆಯ ಸಮೇತ, ಮೇಲ್ಸೇತುವೆ ಹತ್ತಿ ಇಳಿದ. ಗುಡಿಸುವವಳು ಒಂದನೇ ಪ್ಲಾಟ್‌ಫಾರ್ಮನ್ನು ಅರ್ಧಕ್ಕೆ ಬಿಟ್ಟು, ಎರಡನೆಯದನ್ನು ಕನ್ನಡಿಯ ಹಾಗೆ ಗುಡಿಸತೊಡಗಿದಳು. ಪಾರ್ಸೆಲ್ ಗುಮಾಸ್ತ ತನ್ನ ಮೇಜನ್ನೇ ಹೊರಿಸಿಕೊಂಡು ಹೋಗಿ ನಲ್ಲಿಯ ಪಕ್ಕ ಹಾಕಿಸಿದ. ಅಲ್ಲಿ ಹತ್ತು ವರ್ಷದಿಂದ ತೂಕಡಿಸುತ್ತಿದ್ದ ಇಬ್ಬರು ಎದ್ದು ಕೂತು, ಇದು ತಮ್ಮ ಜಾಗ, ಹೊಸಬರಿಗೆ ಹಕ್ಕಿಲ್ಲ ಎಂದು ಸೇತುವೆಯ ಕೊನೆ ಮೆಟ್ಟಿಲಲ್ಲಿ ಅಡ್ಡ ಮಲಗಿದರು.

ಹತ್ತೂ ಹತ್ತರ ಗಾಡಿ ಒಂದನೇ ಪ್ಲಾಟ್‌ಫಾರ್ಮಿಗೆ ಬಂದು ನಿಂತಾಗ ಅದನ್ನು ಬರಮಾಡಿಕೊಳ್ಳಲು ಒಂದು ನಾಯಿ ಮಾತ್ರ ಇತ್ತು. ಪ್ರಯಾಣಿಕರು ಪೆಟ್ಟಿಗೆಗಳ ಮೇಲೆ ಕೂತು ಅತ್ತಿತ್ತ ನೋಡಿದರು. ಗಮನಿಸಪ್ಪ ಕಿಟಕಿಯಿಂದ ತಲೆ ಹಾಕಿದ. ಏನು ವಿಷಯ ಎಂದು ಕೇಳಿದ್ದಕ್ಕೆ, ದಾಟುವವರ ಸಾಲಿನಲ್ಲಿ ಕೊನೆಯವನಾಗಿದ್ದ ಟಿಕೆಟ್ ಕಿಟಕಿಯವನು ತಿರುಗಿ, “ಏನೂ ಗೊತ್ತಿಲ್ಲದ ಹಾಗೆ ಕೇಳ್ತೀಯಲ್ಲ ಮಾರಾಯ. ಎರಡನೇ ಪ್ಲಾಟ್‌ಫಾರ್ಮಿನ ಬೋನಸ್ಸಿಗೆ ನಿನ್ನ ಹೆಸರು ಮೊದಲೇ ಬರೆಸಿಕೊಂಡು ಕೂತಿದೀಯ” ಎಂದು ಹೇಳಿ ಹೋದ.

ಗಮನಿಸಪ್ಪ ಕೂತು ಯೋಚಿಸಬೇಕಾಗಿತ್ತು. ಆದರೆ ಎಂಥ ತೊಂದರೆ ಬಂದರೂ ಅವನ ಕೈ ತಾನಾಗಿ ಹೋಗುತ್ತಿದ್ದದ್ದು ಮೈಕಿನ ಗುಂಡಿಗೆ.

“ಎಲ್ಲರೂ ದಯವಿಟ್ಟು ಗಮನಿಸಿ. ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಯಾವ ಬೋನಸ್ಸನ್ನೂ ಕೊಡುತ್ತಿಲ್ಲ. ಯಾರೂ ಅಲ್ಲಿಗೆ ಹೋಗಬಾರದಾಗಿ ವಿನಂತಿ.”

ಅಲ್ಲಿಯವರೆಗೆ ಸುದ್ದಿ ಗೊತ್ತಿದ್ದದ್ದು ನೌಕರರಿಗೆ ಮಾತ್ರ. ಈಗ ಪ್ರಯಾಣಿಕರಿಗೂ ಗೊತ್ತಾಯಿತು. ರೈಲ್ವೆಯವರು ಇದೆ ಎಂದಿದ್ದರೆ ಅವರು ನಂಬುತ್ತಿರಲಿಲ್ಲವೇನೋ. ಇಷ್ಟು ಸಿಹಿಯಾದ ಧ್ವನಿಯಲ್ಲಿ ಇಲ್ಲ ಎಂದ ಮೇಲೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಪೆಟ್ಟಿಗೆ ಹೊತ್ತವರು, ಕೂಸನ್ನು ಎತ್ತಿಕೊಂಡವರು, ಹೊರಡಲಿದ್ದ ಗಾಡಿಯಿಂದ ಇಳಿದವರು ಎಲ್ಲರೂ ಮೇಲ್ಸೇತುವೆಗೆ ನುಗ್ಗಿದರು. ಏನು ಕೊಡುತ್ತಾರೆಂದು ಯಾರಿಗೂ ತಿಳಿದಿರಲಿಲ್ಲ. ಹಳೇ ಎಂಜಿನ್ನು ಕೊಡುತ್ತಾರಂತೆ ಎಂದು ಯಾರೋ ಅಂದರು. ಮನೆಗೆ ಸಾಗಿಸುವುದು ಹೇಗೆ ಎಂದು ಒಬ್ಬ ಅಜ್ಜಿ ಚಿಂತೆಗೆ ಬಿದ್ದಳು.

ಹನ್ನೊಂದಕ್ಕೆ ಸ್ಟೇಶನ್ ಮಾಸ್ಟರರಿಂದ ಕರೆ ಬಂತು.

ಸ್ಟೇಶನ್ ಮಾಸ್ಟರು ಸಿಟ್ಟು ಬಂದಷ್ಟೂ ಮೆಲ್ಲಗೆ ಮಾತಾಡುವ ಮನುಷ್ಯ. ಅವರ ತುಟಿ ಅಲ್ಲಾಡಿದ್ದು ಮಾತ್ರ ಗಮನಿಸಪ್ಪನಿಗೆ ಕಾಣಿಸಿತು. ಮೇಜಿನ ಮೇಲೆ ಒಂದು ಮೆಮೋ ಆಗಲೇ ಬರೆದು ಸಿದ್ಧವಾಗಿತ್ತು, ಸಹಿಯೊಂದು ಬಾಕಿ. ಗಮನಿಸಪ್ಪ ನಿಂತಲ್ಲೇ ನಕ್ಷತ್ರದಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಮಾವನ ಎಪ್ಪತ್ತು, ಗಾಳಿಯಲ್ಲಿ ಎಳೆಯುವ ಸರಪಳಿ, ಎಂಟು ವರ್ಷದಿಂದ ಮುಗಿಯದ ವಾಕ್ಯ ಯಾವುದನ್ನೂ ಬಿಡಲಿಲ್ಲ.

ಸ್ಟೇಶನ್ ಮಾಸ್ಟರು ಎದ್ದು ಬಾಗಿಲು ಹಾಕಿದರು. ಕೂತರು. ಕನ್ನಡಕ ತೆಗೆದರು.

“ಆ ಇನ್ನೊಂದು ಪ್ಲಾಟ್‌ಫಾರ್ಮು ನನ್ನ ಮನೇಲಿದೆ ಕಣ್ರೀ” ಎಂದರು.

ಗಮನಿಸಪ್ಪ, ಒಳ್ಳೆಯದಾಯಿತು ಸರ್ ಎಂದ.

“ಆಟವೂ ಇದೆ, ಉಗಿ ಎಂಜಿನ್ನೂ ಇದೆ. ತಿಂಗಳಿಂದ ಅದಕ್ಕೆ ಕಲ್ಲಿದ್ದಲು ಹಾಕಿ ಹಾಕಿ ನನ್ನ ಹೆಬ್ಬೆರಳು ಬಾತುಕೊಂಡಿದೆ. ನಿಮ್ಮದರಲ್ಲಿ ಬೇರೆ ಏನೋ ಬೋನಸ್ಸು ಇದೆಯಂತೆ. ಏನದು?”

ಗಮನಿಸಪ್ಪ ತಾನು ನೋಡಿಲ್ಲ ಎಂದ. ಇಲ್ಲದ್ದನ್ನು ಹುಡುಕುವುದರಲ್ಲಿ ಇದ್ದದ್ದನ್ನು ನೋಡಲು ಅವನಿಗೆ ಪುರಸೊತ್ತಾಗಿರಲಿಲ್ಲ.

ಒಪ್ಪಂದ ಐದು ನಿಮಿಷದಲ್ಲಿ ಮುಗಿಯಿತು. ಪೆಟ್ಟಿಗೆಗೆ ಪೆಟ್ಟಿಗೆ, ಕಾಯಂ ಅದಲುಬದಲು. ಸಂಜೆ ಸ್ಟೇಶನ್ ಮಾಸ್ಟರು ತಾವೇ ತಂದು ಕೊಟ್ಟು ಇವನದನ್ನು ಒಯ್ಯುತ್ತಾರೆ. ಆ ಮೇಲೆ ಮೆಮೋ ಹರಿಯುತ್ತಾರೆ. ಅಲ್ಲಿಯ ತನಕ ಅದು ಅವರ ಜೇಬಿನಲ್ಲಿ ಇರುತ್ತದೆ. ಎರಡನೇ ಪ್ಲಾಟ್‌ಫಾರ್ಮಿನ ಜನವನ್ನು ಚದರಿಸುವ ಕೆಲಸ ಇನ್ನೂ ಸುಲಭವಾಗಿ ಮುಗಿಯಿತು. ಸಂಜೆಯೊಳಗೆ ಅಲ್ಲಿರುವವರ ಟಿಕೆಟ್ ತಪಾಸಣೆ ನಡೆಯಲಿದೆ ಎಂದು ಮೈಕಿನಲ್ಲಿ ಹೇಳಿಸಿದರು. ಕಾಲು ಗಂಟೆಯಲ್ಲಿ ಅಲ್ಲಿ ಪಾರ್ಸೆಲ್ ಗುಮಾಸ್ತನ ಮೇಜು ಮಾತ್ರ ಉಳಿಯಿತು.

ಗಮನಿಸಪ್ಪ ಸಂಜೆ ಐದೂವರೆಗೆ, ವರ್ಷಗಟ್ಟಲೆ ತಡವಾಗಿದ್ದ ಗಾಡಿಯನ್ನು ಹಳಿಗೆ ತಂದವನ ಹಾಗೆ, ಎದೆಯುಬ್ಬಿಸಿಕೊಂಡು ಮನೆಗೆ ಬಂದ. ಬಾಗಿಲಲ್ಲೇ ಒಂದು ಧ್ವನಿ ಕೇಳಿಸಿತು.

“ಪ್ರಯಾಣಿಕರು ದಯವಿಟ್ಟು ಗಮನಿಸಿ. ದಕ್ಷಿಣದ ಕಡೆಗೆ ಹೋಗುವ ಗಾಡಿ ಇನ್ನು ಕೆಲವೇ ಕ್ಷಣಗಳಲ್ಲಿ ಬರಲಿದೆ.”

ಮಾವ ಹೊಸ ಶರ್ಟು ಹಾಕಿಕೊಂಡು, ಟೀವಿಯ ಮುಂದೆ, ಕಿವಿಗೆ ಹಾಕುವ ಮೈಕು ಸಿಕ್ಕಿಸಿಕೊಂಡು ಕೂತಿದ್ದರು. ಪರದೆಯ ಮೇಲೆ ಒಂದು ನಿಲ್ದಾಣ, ಅದರ ತುಂಬ ಜನ. ಬೆಳಿಗ್ಗೆಯಿಂದ ಅಪ್ಪ ಚಡಪಡಿಸುತ್ತಿದ್ದರು, ಹೊತ್ತು ಹೋಗಲೆಂದು ನಾನೇ ಹಾಕಿಕೊಟ್ಟೆ, ಈ ಪೆಟ್ಟಿಗೆಗೆ ಬೋನಸ್ಸಾಗಿ ಬಂದಿರುವುದು ಘೋಷಣೆ ಮಾಡುವ ಆಟವಂತೆ ಎಂದು ಹೆಂಡತಿ ಪಿಸುಗುಟ್ಟಿದಳು. ಮಾವ ಮಧ್ಯಾಹ್ನದ ಊಟಕ್ಕೂ ಎದ್ದಿರಲಿಲ್ಲ.

“ಬನ್ನಿ ಅಳಿಯಂದಿರೇ, ಇಲ್ಲಿ ಕೂತ್ಕೊಳ್ಳಿ” ಎಂದರು ಮಾವ. ತಮ್ಮ ಪಕ್ಕದ ಜಾಗ ತೋರಿಸಿ ಅವರು ಹಾಗೆ ಕರೆದದ್ದು ಎಂಟು ವರ್ಷದಲ್ಲಿ ಮೊದಲ ಸಲ. “ಇದು ಸುಮ್ನೆ ಕೆಲಸ ಅಲ್ಲ ಕಣ್ರೀ. ಎಂಜಿನ್ನು ಹಳಿ ಇದ್ದ ಕಡೆ ಹೋಗುತ್ತೆ. ಜನಕ್ಕೆ ಹಳಿ ಎಲ್ಲಿದೆ? ಬೆಳಿಗ್ಗೆ ನನ್ನಿಂದ ಮುನ್ನೂರು ಜನ ರೈಲು ತಪ್ಪಿಸಿಕೊಂಡ್ರು. ನಿಮ್ಮನ್ನ ನಾನು ಏನೋ ಅಂದ್ಕೊಂಡಿದ್ದೆ.”

ಗಮನಿಸಪ್ಪ ಕೂರಲೆಂದು ಬಗ್ಗಿದ. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ಸ್ಟೇಶನ್ ಮಾಸ್ಟರು ಕಂಕುಳಲ್ಲಿ ಪೆಟ್ಟಿಗೆ, ಜೇಬಿನಲ್ಲಿ ಮೆಮೋ ಇಟ್ಟುಕೊಂಡು ಹೇಳಿದ ಮಾತಿಗೆ ಸರಿಯಾಗಿ ಬಂದಿದ್ದರು. ಆ ನಿಲ್ದಾಣದ ಚರಿತ್ರೆಯಲ್ಲಿ ಹೇಳಿದ ಹೊತ್ತಿಗೆ ಬಂದದ್ದು ಅದೊಂದೇ ಇರಬೇಕು. ಸ್ವಲ್ಪ ದಿನ ತಡೆದರೆ ಹೇಗೆ ಎಂದು ಗಮನಿಸಪ್ಪ ಸನ್ನೆ ಮಾಡಿದ. ಅವರು ಜೇಬು ತಟ್ಟಿ ತೋರಿಸಿದರು. ಹಳೆಯ ತಂತಿಗಳು ಹೊರಬಂದವು, ಹೊಸ ತಂತಿಗಳು ಒಳಹೋದವು. ಆರು ಹೊಡೆಯುವಾಗ ಪರದೆಯ ಮೇಲೆ ಕಪ್ಪನೆಯ ಉಗಿ ಎಂಜಿನ್ನು ಹೊಗೆ ಬಿಡುತ್ತ ನಿಂತಿತ್ತು. ಮೆಮೋ ನಾಲ್ಕು ಚೂರಾಯಿತು.

ಮಾವ ಎರಡು ನಿಮಿಷ ಎಂಜಿನ್ನು ಓಡಿಸಿದರು. ಒಂದು ಸಲ ಸೀಟಿ ಹಾಕಿದರು. ನಿಲ್ಲಿಸಿದರು.

“ಇದನ್ನ ಜೀವಮಾನ ಪೂರ್ತಿ ಮಾಡಿದ್ದೇ ಅಲ್ವೇನ್ರೀ” ಎಂದರು. “ರಿಟೈರಾದ ಮೇಲೂ ಡ್ಯೂಟಿ ಹಾಕ್ತೀರಲ್ಲ. ಆ ಮೈಕಿಂದು ಹಾಕಿ.”

ಅದು ಬರುವುದು ಆ ಪ್ಲಾಟ್‌ಫಾರ್ಮಿನಲ್ಲಿ ಮಾತ್ರ ಎಂದು ಗಮನಿಸಪ್ಪ ತಗ್ಗಿದ ಸ್ವರದಲ್ಲಿ ತಿಳಿಸಿದ. ಆ ಪ್ಲಾಟ್‌ಫಾರ್ಮು ಸ್ಟೇಶನ್ ಮಾಸ್ಟರರ ತೊಡೆಯ ಮೇಲೆ ಭದ್ರವಾಗಿ ಕೂತಿತ್ತು. ಮಾವ ಅದನ್ನು ನೋಡಿದರು. ಅಳಿಯನನ್ನು ನೋಡಿದರು. ಅವರ ಮುಖ ಹೊರಟುಹೋದ ಗಾಡಿಯ ಹಿಂದಿನ ದೀಪದ ಹಾಗೆ ಚಿಕ್ಕದಾಗುತ್ತ ಹೋಯಿತು.

ಸ್ಟೇಶನ್ ಮಾಸ್ಟರರಿಗೆ ಪಾಪ ಅನ್ನಿಸಿರಬೇಕು. ಅವರು ಟೀ ಕಪ್ಪು ಕೆಳಗಿಟ್ಟು, “ಅದಕ್ಕ್ಯಾಕೆ ಬೇಜಾರು ಮಾಡ್ಕೋತೀರಿ ಯಜಮಾನ್ರೇ? ನಿಜವಾದ ಮೈಕೇ ಇದೆಯಲ್ಲ ನಮ್ಮಲ್ಲಿ. ನೀವು ಹಿರಿಯ ಡ್ರೈವರು, ನಿಮ್ಮನ್ನ ಬೇಡ ಅನ್ನೋರು ಯಾರು? ನಾಳೆಯಿಂದ ಅಳಿಯಂದಿರ ಜೊತೆ ಬಂದುಬಿಡಿ” ಎಂದರು.

ಮಾವ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಬೆಳಗಿನ ಮೊದಲ ಗಾಡಿ ಎಷ್ಟು ಗಂಟೆಗೆ ಎಂದು ಕೇಳಿದರು.

ಗಮನಿಸಪ್ಪ ಮಾವನ ಮುಂದೆ ಬಂದು ನಿಂತ.

“ಮಾವ, ಆ ಕೋಣೇಲಿ ಇರೋದು ಒಂದೇ ಕುರ್ಚಿ” ಎಂದ.

“ಪರವಾಗಿಲ್ಲ ಬಿಡಿ” ಎಂದರು ಮಾವ, “ನನಗೆ ಒಂದೇ ಸಾಕು.”