ಮೀಸೆ ಪಣಕ್ಕಿಟ್ಟು ಕಲಿಸಿದ ದಶಮಾಂಶ

ಮನೆ ಮುಂದೆಯೇ ಗ್ಯಾರೇಜಿದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ಪಾಪಿನಾಯಕನಹಳ್ಳಿಯಿಂದ ಸಂಡೂರಿನ ತನಕ, ಟಿಪ್ಪರಿನ ಸದ್ದು ಕೇಳಿಯೇ ರೋಗ ಹೇಳುವವನು ನಾನೊಬ್ಬನೇ. ಹಾಗಾಗಿ ಅಕ್ಕನ ಮಗಳಿಗೆ ಲೆಕ್ಕ ಕಲಿಸುವ ಕೆಲಸವೂ ನನ್ನ ಪಾಲಿಗೇ ಬಂತು.

ಅಕ್ಕ ನಸುಕಿಗೇ ಗಣಿ ಕೆಲಸಕ್ಕೆ ಹೊರಟರೆ ಬರುವುದು ಕತ್ತಲಾದ ಮೇಲೆ. ಮಗಳು ಕಂಪ್ಲಿಯ ವಸತಿ ಶಾಲೆ ಸೇರಿದರೆ ಹೊತ್ತಿಗೆ ಸರಿಯಾಗಿ ಊಟ, ಓದು ಸಿಗುತ್ತದೆ ಎಂಬುದೊಂದೇ ಆಕೆಯ ಆಸೆ. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. "ಗಣಿತದಾಗ ಐವತ್ತಕ್ಕ ಐವತ್ತು ತರಸ್ತೀನಿ. ಇಲ್ಲಾಂದ್ರ ಈ ಮೀಸಿ ಬೋಳಿಸ್ತೀನಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದೆ. ಹೊಸಪೇಟೆಯಲ್ಲಿ ಹುಡುಕಿದರೂ ಇಂಥ ಮೀಸೆ ಸಿಗುವುದಿಲ್ಲ.

ಪಾನಾ

5/8 ದೊಡ್ಡದೋ 9/16 ದೊಡ್ಡದೋ ಎಂದರೆ ಹುಡುಗಿ 9/16 ಎಂದಳು. ಒಂಬತ್ತೂ ದೊಡ್ಡದು, ಹದಿನಾರೂ ದೊಡ್ಡದು ಎಂಬುದು ಅವಳ ವಾದ. ಹಳೇ ಟ್ರ್ಯಾಕ್ಟರಿನ ಆ ಎರಡು ಅಳತೆಯ ಪಾನಾ ಕೊಟ್ಟು ಒಂದೇ ಬೋಲ್ಟಿಗೆ ಹಾಕಿಸಿದೆ. 5/8 ಸರಿಯಾಗಿ ಕೂತಿತು, 9/16 ಇಳಿಯಲೇ ಇಲ್ಲ. ಆಮೇಲೆ ಅವಳೇ ಮೇಲೆ ಕೆಳಗೆ ಎರಡರಿಂದ ಗುಣಿಸಿ, 5/8 ಅಂದರೆ 10/16 ಎಂದು ಕಂಡುಕೊಂಡಳು.

ಶಾಲೆಯ ನೋಟ್‌ಬುಕ್ಕಿನಲ್ಲಿ ಮಾತ್ರ, "5/8 ದೊಡ್ಡದು, ಯಾಕಂದರೆ 9/16 ಬೋಲ್ಟಿಗೆ ಕೂರುವುದಿಲ್ಲ" ಎಂದು ಬರೆದಿದ್ದಳು. ಮೇಷ್ಟ್ರು ಸರಿ ಗುರುತು ಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದರು: "ಯಾವ ಬೋಲ್ಟು?"

ನಟ್ಟು

ಟಿಪ್ಪರಿನ ಚಕ್ರ ಕಟ್ಟುತ್ತ ಎಂಟರ ಮಗ್ಗಿ ಹೇಳಿಸುತ್ತಿದ್ದೆ. ಹಿಂದಿನ ಜೋಡಿ ಚಕ್ರ ಒಂದೇ ಎಂದು ಹಿಡಿದರೆ ಆರು ಚಕ್ರ, ಚಕ್ರಕ್ಕೆ ಎಂಟು ನಟ್ಟು. ಅವಳು ನಲವತ್ತೆಂಟು ಎಂದಳು. ನಾನು ಎಣಿಸಿದರೆ ನಲವತ್ತೇಳೇ. ಮಗ್ಗಿ ಮರೆತಿದ್ದೀಯ ಎಂದು ಡ್ರೈವರನ ಮುಂದೆಯೇ ಗದರಿದೆ.

ಅವಳು ಚಕ್ರಗಳನ್ನು ಒಂದು ಸುತ್ತು ನೋಡಿ ಬಂದಳು. "ಮಗ್ಗಿ ಬರೋಬ್ಬರಿ ಐತಿ ಮಾಮ. ಗಾಡಿ ತಪ್ಪೈತಿ."

ನಟ್ಟು ನನ್ನ ಜೇಬಿನಲ್ಲಿತ್ತು.

ಪಟ್ಟಿ

ವಾಲ್ವಿನ ಸಂದು ಅಳೆಯಲು ನಮ್ಮಲ್ಲಿ ತೆಳು ಉಕ್ಕಿನ ಪಟ್ಟಿಗಳಿರುತ್ತವೆ. 0.45 ಎಂದು ಬರೆದದ್ದನ್ನು ನಲವತ್ತೈದರ ಪಟ್ಟಿ ಎನ್ನುತ್ತೇವೆ, 0.50 ಎಂದಿದ್ದರೆ ಐವತ್ತರದು. ಸೊನ್ನೆ, ಚುಕ್ಕಿ ಯಾರೂ ಓದುವುದಿಲ್ಲ. ಪುಸ್ತಕದಲ್ಲಿ 0.5, 0.45 ಇವುಗಳಲ್ಲಿ ಯಾವುದು ದೊಡ್ಡದು ಎಂದಿತ್ತು. ಐದೆಲ್ಲಿ, ನಲವತ್ತೈದೆಲ್ಲಿ? 0.45 ಎಂದುಬಿಟ್ಟೆ.

ಹುಡುಗಿ ಪಟ್ಟಿಗಳನ್ನು ತಂದು, ಇದರಲ್ಲಿ 0.5 ಯಾವುದು ಎಂದಳು. ಹುಡುಕಿ ಹುಡುಕಿ, ಕಳೆದುಹೋಗಿರಬೇಕು ಎಂದೆ. ಅವಳು ಐವತ್ತರ ಪಟ್ಟಿ ಎತ್ತಿ, ಕೊನೆಯ ಸೊನ್ನೆಯನ್ನು ಹೆಬ್ಬೆರಳಿನಿಂದ ಮುಚ್ಚಿದಳು.

"ಈಗ ಇದು ತೆಳ್ಳಗಾತೇನು ಮಾಮ?"

ಅಂದಿನಿಂದ ದಶಮಾಂಶದ ಪಾಠ ಅವಳಿಗೇ ಬಿಟ್ಟೆ.

ಮೀಸೆ

ಫಲಿತಾಂಶ ಬಂತು. ಸೀಟು ಸಿಕ್ಕಿತು. ಅಕ್ಕ ಅಂದು ಕೆಲಸಕ್ಕೆ ಹೋಗದೆ, ಆಯ್ಕೆ ಪಟ್ಟಿಯಲ್ಲಿದ್ದ ಮಗಳ ಹೆಸರನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ತೆರೆದು ನೋಡುತ್ತ ಕೂತಳು. ಆದರೆ ಗಣಿತಕ್ಕೆ ಬಂದದ್ದು ನಲವತ್ತೊಂಬತ್ತು.

ಓಣಿಯವರು ಮರೆಯುವ ಪೈಕಿಯವರಲ್ಲ. ಅವಳು ಕಂಪ್ಲಿಗೆ ಹೊರಡುವ ದಿನ ಕ್ಷೌರದವನನ್ನೇ ಕರೆತಂದರು. ಕೊಟ್ಟ ಮಾತು ತಪ್ಪುವವನಲ್ಲ ನಾನು, ಕುರ್ಚಿ ಹಾಕಿಕೊಂಡು ಕೂತೆ. ಹುಡುಗಿ ಟ್ರಂಕು ಕೆಳಗಿಟ್ಟು ಅಡ್ಡ ನಿಂತಳು.

"ಪೂರಾ ಬ್ಯಾಡ. ತಪ್ಪಿದ್ದು ಐವತ್ತರಾಗ ಒಂದು. ಅಂದ್ರ 0.02. ನೂರು ಕೂದಲಿಗೆ ಎರಡು."

ಕ್ಷೌರದವನು ಕತ್ತಿ ಮಡಚಿಟ್ಟ. ಅವಳೇ ಬಗ್ಗಿ ಎರಡು ಕೂದಲು ಕಿತ್ತಳು. ನನ್ನ ಕಣ್ಣಲ್ಲಿ ನೀರು ತುಂಬಿತು. ಅಕ್ಕ ಏನಾಯಿತೆಂದು ಕೇಳಿದಾಗ, ಮೀಸೆ ಕಿತ್ತರೆ ಉರಿಯುತ್ತದೆ ಎಂದೆ.

ಹುಡುಗಿ ಬಸ್ಸು ಹತ್ತಿ ಕಿಟಕಿಯಿಂದ ನನ್ನ ಮುಖವನ್ನೇ ನೋಡಿದಳು.

"ಮಾಮ, ಕೂದಲು ನೂರಕ್ಕಿಂತ ಭಾಳ ಅದಾವ. ಲೆಕ್ಕದಾಗ ಉಳಿದಿದ್ದು ರಜಾಕ್ಕ ಬಂದಾಗ ಕೀಳ್ತೀನಿ."